ಪಿಂಚಣಿ ಮೈಸೂರಿನಲ್ಲಿ, ನಾನು ನ್ಯೂಜೆರ್ಸಿಯಲ್ಲಿ

ಮಕ್ಕಳ ಹತ್ತಿರ ಇರೋಣ ಎಂದು ಅಮೆರಿಕಕ್ಕೆ ಬಂದು ನೆಲೆಸಿದ ನಿವೃತ್ತರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಅನೇಕರ ಪಿಂಚಣಿ ಊರಿನ ಬ್ಯಾಂಕಿನಲ್ಲೇ ಬಿದ್ದಿರುತ್ತದೆ. ಎಟಿಎಂ ಕಾರ್ಡು ತಮ್ಮನ ಮಗನ ಹತ್ತಿರ, ಪಾಸ್‌ಬುಕ್ಕು ಇನ್ಯಾರದೋ ಬೀರುವಿನಲ್ಲಿ. ಇಲ್ಲಿ ಒಂದು ಜೊತೆ ಶೂ ಬೇಕಾದರೂ ಮಗಳನ್ನೋ ಅಳಿಯನನ್ನೋ ಕೇಳಬೇಕು. ಮಕ್ಕಳು ಬೇಡ ಅನ್ನುವುದಿಲ್ಲ, ಅದು ಬೇರೆ ಮಾತು. ಆದರೆ ಜೀವಮಾನವಿಡೀ ದುಡಿದು ಪಡೆದ ಹಣ ನಮ್ಮ ಕೈಗೇ ಬರಬೇಕು, ನಾವು ಎಲ್ಲಿದ್ದರೂ ಸರಿ. ನಾನು ಇದನ್ನು ಪಟ್ಟು ಹಿಡಿದು ಮಾಡಿಸಿಕೊಂಡೆ. ಹೇಗೆ ಎಂದು ಹೇಳುತ್ತೇನೆ.

ನಾನು ಕೇಂದ್ರ ಸರ್ಕಾರದ ಪಿಂಚಣಿದಾರ. ನನಗೂ ಹೆಂಡತಿಗೂ ಗ್ರೀನ್ ಕಾರ್ಡ್ ಬಂದ ಮೇಲೆ ಇಬ್ಬರೂ ನ್ಯೂಜೆರ್ಸಿಯಲ್ಲಿ ಮಗಳ ಜೊತೆ ಇದ್ದೇವೆ. ಪಿಂಚಣಿ ಮೈಸೂರಿನ ಬ್ಯಾಂಕ್ ಶಾಖೆಗೆ ಬರುತ್ತದೆ. ಅಲ್ಲಿಂದ ಇಲ್ಲಿನ ಖಾತೆಗೆ ನಾನು ತರಿಸಿಕೊಳ್ಳುತ್ತೇನೆ. ಹಣ ನೇರವಾಗಿ ಡಾಲರ್ ಆಗಿ ಅಮೆರಿಕದ ಖಾತೆಗೆ ಬಂದು ಬೀಳುವುದಿಲ್ಲ. ಮೊದಲು ರೂಪಾಯಿಯಲ್ಲಿ ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳು ಭಾರತದ ಆದಾಯ ಇಡುವ ಖಾತೆಗೆ ಜಮಾ ಆಗುತ್ತದೆ. ಆಮೇಲೆ ಅದನ್ನು ಕಳಿಸುವ ಕೆಲಸ ನಮ್ಮದು.

ಹಳೇ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಂಡರೆ ಏನಾಗುತ್ತದೆ, ಯಾರು ನೋಡುತ್ತಾರೆ ಎಂದು ಇಲ್ಲಿ ಹಲವರು ಕೇಳುತ್ತಾರೆ. ಹಾಗೆ ಇಟ್ಟುಕೊಳ್ಳುವಂತಿಲ್ಲ. ವಿದೇಶದಲ್ಲಿ ನೆಲೆಸಲು ಹೊರಟವರು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಅನಿವಾಸಿಗಳಾಗುತ್ತಾರೆ. ಆಗ ಸಾಮಾನ್ಯ ಖಾತೆಯನ್ನು ಎನ್‌ಆರ್‌ಒ ಮಾಡಿಸಲೇಬೇಕು. ಆದಾಯ ತೆರಿಗೆಯವರ ಲೆಕ್ಕ ಬೇರೆ, ಅವರು ಮುಖ್ಯವಾಗಿ ನೋಡುವುದು ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿ ಇದ್ದೀರಿ ಎನ್ನುವುದನ್ನು. ಎರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಬ್ಯಾಂಕು ಕೇಳಿದ ಕಾಗದಗಳು ಇಷ್ಟೇ: ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಇಲ್ಲಿನ ವಿಳಾಸದ ದಾಖಲೆ, ಪ್ಯಾನ್, ಮತ್ತು ನಾವು ಅಮೆರಿಕದ ತೆರಿಗೆಗೆ ಒಳಪಟ್ಟವರು ಎಂದು ತಿಳಿಸುವ ಫ್ಯಾಟ್ಕಾ ಘೋಷಣೆ. ಘೋಷಣೆಯಲ್ಲಿ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ಬರೆಯಬೇಕು. ಕೆಲವು ಬ್ಯಾಂಕುಗಳು ಹಳೇ ಖಾತೆ ಸಂಖ್ಯೆಯನ್ನೇ ಉಳಿಸುತ್ತವೆ, ಕೆಲವು ಹೊಸದು ಕೊಡುತ್ತವೆ. ಹೊಸದು ಕೊಟ್ಟರೆ ಶಾಖೆಯಲ್ಲಿ ಬದಲಾದರೆ ಸಾಲದು. ಬ್ಯಾಂಕಿನ ಪಿಂಚಣಿ ವಿಭಾಗ, ಅಂದರೆ ಸಿಪಿಪಿಸಿಯಲ್ಲೂ ನಿಮ್ಮ ಪಿಪಿಒ (ಪಿಂಚಣಿ ಪಾವತಿ ಆದೇಶ) ಎದುರಿಗೆ ಹೊಸ ಸಂಖ್ಯೆ ಬಂದಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಸಾಧ್ಯವಿದ್ದರೆ ಈ ಕೆಲಸವನ್ನು ಹೊರಡುವ ಮೊದಲೇ, ಶಾಖೆಯಲ್ಲಿ ಎದುರಿಗೆ ಕೂತು ಮುಗಿಸಿ. ದೂರದಿಂದ ಮಾಡಿದರೆ ಪ್ರತಿ ಕಾಗದಕ್ಕೂ ನೋಟರಿಯ ಅಥವಾ ಕಾನ್ಸುಲೇಟಿನ ದೃಢೀಕರಣ ಬೇಕಾಗುತ್ತದೆ.

ಇನ್ನು ಹೆಸರು. ನಮ್ಮ ಕಡೆಯವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ. ಪಿಪಿಒದಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಬರೆದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ಹೋಗಿ ಕೂತಿರುತ್ತದೆ. ಗ್ರೀನ್ ಕಾರ್ಡ್ ಪಾಸ್‌ಪೋರ್ಟನ್ನು ನೋಡಿ ಮಾಡಿದ್ದು, ಅಮೆರಿಕದ ಬ್ಯಾಂಕು ಗ್ರೀನ್ ಕಾರ್ಡನ್ನು ನೋಡಿ ಖಾತೆ ತೆರೆದದ್ದು. ಕೊನೆಗೆ ಹಣ ಕಳಿಸುವ ಖಾತೆಯಲ್ಲಿ ಒಂದು ಹೆಸರು, ಪಡೆಯುವ ಖಾತೆಯಲ್ಲಿ ಇನ್ನೊಂದು. ನಮಗೆ ಇಬ್ಬರೂ ಒಬ್ಬರೇ. ಬ್ಯಾಂಕಿನ ಕಂಪ್ಯೂಟರಿಗೆ ಅಲ್ಲ.

ನಾನು ಪಾಸ್‌ಪೋರ್ಟಿನ ಹೆಸರನ್ನೇ ಮೂಲ ಎಂದು ಇಟ್ಟುಕೊಂಡೆ, ಏಕೆಂದರೆ ಎರಡೂ ದೇಶದ ಬ್ಯಾಂಕುಗಳು ಒಪ್ಪುವ ಕಾಗದ ಅದೊಂದೇ. ಪ್ಯಾನ್ ಮತ್ತು ಮೈಸೂರಿನ ಖಾತೆಯ ಹೆಸರನ್ನು ಅದಕ್ಕೆ ಸರಿಯಾಗಿ ತಿದ್ದಿಸಿದೆ. ಪಿಪಿಒ ತಿದ್ದಿಸಲು ಹೋಗಲಿಲ್ಲ. ಅದರ ಬದಲು, ಈ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಎಂಬ ಅಫಿಡವಿಟ್ ಮಾಡಿಸಿ ಪಿಂಚಣಿ ಕಡತಕ್ಕೆ ಸೇರಿಸಿದೆ. ಹೆಂಡತಿಯ ಹೆಸರಿಗೂ ಇದೇ ಕೆಲಸ ಮಾಡಿಸಿದೆ. ಅವಳದ್ದು ಯಾಕೆ ಮುಖ್ಯ ಎಂದು ಕೊನೆಯಲ್ಲಿ ಹೇಳುತ್ತೇನೆ.

ನವೆಂಬರ್ ಬಂತೆಂದರೆ ಜೀವಿತ ಪ್ರಮಾಣ ಪತ್ರ. 80 ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಕೊಟ್ಟ ಮೇಲೆ ಬಾಕಿ ಸಮೇತ ಬರುತ್ತದೆ, ಆದರೆ ಸುಮ್ನೆ ಆ ಗಾಬರಿ ಯಾಕೆ? 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಆಧಾರ್ ಮೂಲಕ ಕೊಡುವ ದಾರಿ ಇದೆ, 2021ರಿಂದ ಮುಖ ತೋರಿಸಿಯೂ ಕೊಡಬಹುದು. ನಾನು ಆರಿಸಿಕೊಂಡದ್ದು ಹಳೇ ದಾರಿ. ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಿಯ ಸಹಿ ಮತ್ತು ಮೊಹರು ಹಾಕಿಸಿ, ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ಶಾಖೆಗೆ ಕಳಿಸುತ್ತೇನೆ. ಸ್ಕ್ಯಾನ್ ಪ್ರತಿಯನ್ನು ಇಮೇಲ್ ಮಾಡಿ, ಸಿಪಿಪಿಸಿಯಲ್ಲಿ ನಮೂದಾಯಿತೇ ಎಂದು ಕೇಳುತ್ತೇನೆ. ಶಾಖೆಗೆ ಕಾಗದ ತಲುಪುವುದು ಬೇರೆ, ನಮೂದಾಗುವುದು ಬೇರೆ. ಡಿಜಿಟಲ್ ದಾರಿ ಹಿಡಿಯುವವರು ಪಿಪಿಒ ಸಂಖ್ಯೆ, ಖಾತೆ ಸಂಖ್ಯೆ ಎರಡನ್ನೂ ಎಚ್ಚರಿಕೆಯಿಂದ ಹಾಕಬೇಕು. ಖಾತೆ ಎನ್‌ಆರ್‌ಒ ಆಗಿ ಸಂಖ್ಯೆ ಬದಲಾದ ಮೇಲೂ ಹಳೇ ಸಂಖ್ಯೆ ಕೊಟ್ಟರೆ ಪ್ರಮಾಣ ಪತ್ರ ತಿರಸ್ಕಾರವಾಗಬಹುದು.

ಇನ್ನೊಂದು ಸಣ್ಣ ವಿಷಯ, ಆದರೆ ಇದಿಲ್ಲದೆ ಏನೂ ನಡೆಯುವುದಿಲ್ಲ. ಭಾರತದ ಸಿಮ್ ಬಿಡಬೇಡಿ. ಬ್ಯಾಂಕು, ಆಧಾರ್, ತೆರಿಗೆ ಪೋರ್ಟಲ್ ಎಲ್ಲದರ ಒಟಿಪಿ ಅಲ್ಲಿಗೇ ಬರುತ್ತದೆ. ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳಿ.

ತೆರಿಗೆಯ ವಿಷಯದಲ್ಲಿ ಯಾರೂ ಮೊದಲೇ ಹೇಳದ ಮಾತೊಂದಿದೆ. ಭಾರತದಲ್ಲಿದ್ದಾಗ ಪಿಂಚಣಿಗೆ ತೆರಿಗೆ ಬರುತ್ತಿರಲಿಲ್ಲ, ಈಗ ಬರುತ್ತಿದೆಯಲ್ಲ ಎಂದು ಹಲವರು ಗಾಬರಿಯಾಗುತ್ತಾರೆ. ಕಾರಣ, ಆದಾಯ ಒಂದು ಮಿತಿಯೊಳಗಿದ್ದರೆ ತೆರಿಗೆ ಮನ್ನಾ ಮಾಡುವ ರಿಬೇಟ್ ನಿವಾಸಿಗಳಿಗೆ ಮಾತ್ರ. ಲೆಕ್ಕ ನೋಡಿ. ತಿಂಗಳಿಗೆ 50,000 ಪಿಂಚಣಿ ಎಂದರೆ ವರ್ಷಕ್ಕೆ 6 ಲಕ್ಷ. 2025-26ರ ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 5,25,000 ಉಳಿಯುತ್ತದೆ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 1,25,000ಕ್ಕೆ ಶೇ. 5ರಂತೆ 6,250, ಸೆಸ್ ಸೇರಿ 6,500 ರೂಪಾಯಿ. ಇಷ್ಟೇ ಪಿಂಚಣಿಯ ನಿವಾಸಿಗೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆ. ಅನಿವಾಸಿ 6,500 ಕಟ್ಟಬೇಕು. ಹಳೇ ಪದ್ಧತಿಯಲ್ಲಿ ಹಿರಿಯ ನಾಗರಿಕರಿಗಿರುವ 3 ಲಕ್ಷದ ಮಿತಿಯೂ ಅನಿವಾಸಿಗೆ ಇಲ್ಲ, 2.5 ಲಕ್ಷವೇ. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಆದರೂ ನಿಯಮ ಹೀಗಿದೆ. ರಿಟರ್ನ್ ಕೂಡ ಐಟಿಆರ್-1ರಲ್ಲಿ ಹಾಕುವಂತಿಲ್ಲ, ಐಟಿಆರ್-2 ಬೇಕು.

ಎನ್‌ಆರ್‌ಒ ಖಾತೆಯ ಬಡ್ಡಿಗೆ ಬ್ಯಾಂಕು ಮೊದಲೇ ಶೇ. 30 ಮತ್ತು ಸೆಸ್ ಸೇರಿ ಶೇ. 31.2 ಟಿಡಿಎಸ್ ಕತ್ತರಿಸುತ್ತದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದಲ್ಲಿ ಬಡ್ಡಿಗೆ ಶೇ. 15ರ ಮಿತಿ ಇದೆ. ಅದು ಬೇಕಾದರೆ ನಾವು ಇಲ್ಲಿನ ತೆರಿಗೆ ನಿವಾಸಿ ಎಂದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ ಫಾರ್ಮ್ 6166, ಜೊತೆಗೆ ಭಾರತದ ಫಾರ್ಮ್ 10ಎಫ್ ಬ್ಯಾಂಕಿಗೆ ಕೊಡಬೇಕು. ಎಫ್‌ಡಿ ದೊಡ್ಡದಿದ್ದರೆ ಈ ಓಡಾಟ ಸಾರ್ಥಕ. ಇಲ್ಲದಿದ್ದರೆ ರಿಟರ್ನ್ ಹಾಕಿ ಜಾಸ್ತಿ ಕಟ್ಟಿದ್ದನ್ನು ವಾಪಸ್ ಕೇಳಿ. ಉಳಿತಾಯದ ಹಣವನ್ನು ಎನ್‌ಆರ್‌ಇ ಖಾತೆಗೆ, ಅಂದರೆ ಹೊರದೇಶಕ್ಕೆ ಮುಕ್ತವಾಗಿ ಕಳಿಸಬಹುದಾದ ಅನಿವಾಸಿ ಖಾತೆಗೆ ಸಾಗಿಸಿದರೆ ಅಲ್ಲಿನ ಬಡ್ಡಿಗೆ ಭಾರತದಲ್ಲಿ ತೆರಿಗೆಯೇ ಇಲ್ಲ.

ಈಗ ಹಣ ಕಳಿಸುವ ಹಂತ. ಅನಿವಾಸಿಗಳು ಎನ್‌ಆರ್‌ಒದಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಮಾತ್ರ ಹೊರಗೆ ಕಳಿಸಬಹುದು ಎಂಬ ಮಿತಿ ನೀವು ಕೇಳಿರಬಹುದು. ಅದು ಆಸ್ತಿ ಮಾರಿದ ಹಣದಂಥದ್ದಕ್ಕೆ. ಪಿಂಚಣಿ, ಬಾಡಿಗೆ, ಬಡ್ಡಿಯಂಥ ಚಾಲ್ತಿ ಆದಾಯವನ್ನು ತೆರಿಗೆ ಕಳೆದು ಆ ಮಿತಿಯ ಹೊರಗೇ ಕಳಿಸಬಹುದು. ಶಾಖೆಯಲ್ಲಿ ಒಮ್ಮೊಮ್ಮೆ ಎಲ್‌ಆರ್‌ಎಸ್ ಫಾರ್ಮ್ ಕೈಗೆ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ಎಲ್‌ಆರ್‌ಎಸ್ ಎಂಬ ಹಣ ಕಳಿಸುವ ಯೋಜನೆ ಇರುವುದು ಭಾರತದ ನಿವಾಸಿಗಳಿಗೆ. ಅದರ ಜೊತೆ ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಟಿಸಿಎಸ್ ಕೂಡ ಅವರಿಗೇ.

ನಾವು ತುಂಬಬೇಕಾದದ್ದು ತೆರಿಗೆ ಪೋರ್ಟಲ್‌ನಲ್ಲಿ ಫಾರ್ಮ್ 15ಸಿಎ, ಅಂದರೆ ಹೊರಗೆ ಕಳಿಸುವ ಹಣದ ಘೋಷಣೆ. ಹೀಗೆ ತೆರಿಗೆಗೆ ಒಳಪಟ್ಟ ಹಣ ಆರ್ಥಿಕ ವರ್ಷದಲ್ಲಿ ಒಟ್ಟು 5 ಲಕ್ಷ ದಾಟಿದರೆ ಚಾರ್ಟರ್ಡ್ ಅಕೌಂಟೆಂಟ್ ಸಹಿಯ ಪ್ರಮಾಣ ಪತ್ರ 15ಸಿಬಿಯೂ ಬೇಕು. ನಾನು ತುಂಬಿದ ಇವು, ಮೇಲೆ ಹೇಳಿದ 10ಎಫ್, ಎಲ್ಲ 1961ರ ಕಾಯ್ದೆಯ ಫಾರ್ಮುಗಳು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಹಾಗಾಗಿ ತುಂಬುವ ಮೊದಲು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ನಾನು ಈ ಕಾಗದಗಳನ್ನು ಎನ್‌ಆರ್‌ಒದಿಂದ ನನ್ನದೇ ಎನ್‌ಆರ್‌ಇಗೆ ವರ್ಗಾಯಿಸುವಾಗಲೇ ಕೊಟ್ಟು ಮುಗಿಸುತ್ತೇನೆ. ಎನ್‌ಆರ್‌ಇಯಿಂದ ಹೊರಗೆ ಕಳಿಸುವಾಗ ಮತ್ತೆ ಅವು ಬೇಕಿಲ್ಲ. ಡಾಲರ್ ಬೇಕಾದಾಗ ಕಳಿಸಿದರಾಯಿತು, ನೆಟ್‌ಬ್ಯಾಂಕಿಂಗ್‌ನಲ್ಲೇ.

ಅಮೆರಿಕದ ಬ್ಯಾಂಕುಗಳಿಗೆ ಐಬಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ ಇರುವುದಿಲ್ಲ. ಸ್ವಿಫ್ಟ್ ಕೋಡ್, ಖಾತೆ ಸಂಖ್ಯೆ, ಬ್ಯಾಂಕನ್ನು ಗುರುತಿಸುವ 9 ಅಂಕಿಯ ರೌಟಿಂಗ್ ನಂಬರ್ ಕೊಡಬೇಕು. ಚೆಕ್ಕಿನ ಮೇಲಿರುವ ರೌಟಿಂಗ್ ನಂಬರು ಮತ್ತು ವೈರ್‌ಗೆ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆಗೆ) ಬಳಸುವ ನಂಬರು ಕೆಲವು ಬ್ಯಾಂಕುಗಳಲ್ಲಿ ಬೇರೆ ಬೇರೆ. ಇಲ್ಲಿನ ಬ್ಯಾಂಕಿನವರನ್ನೇ ಕೇಳಿ ಬರೆದುಕೊಳ್ಳಿ. ಖರ್ಚು ಯಾರದು ಎಂದು ಫಾರ್ಮಿನಲ್ಲಿ ಒಂದು ಕಾಲಂ ಇರುತ್ತದೆ. ಹಂಚಿಕೊಳ್ಳುವುದು ಎಂದು ಗುರುತು ಹಾಕಿದರೆ ನಡುವಿನ ಬ್ಯಾಂಕು ದಾರಿಯಲ್ಲೇ ತನ್ನ ಪಾಲು ಕತ್ತರಿಸಬಹುದು. ಆಮೇಲೆ ಇಲ್ಲಿನ ಬ್ಯಾಂಕೂ ಬಂದ ವೈರ್‌ಗೆ ಶುಲ್ಕ ಹಾಕಬಹುದು.

ಎಲ್ಲರೂ ಶುಲ್ಕವನ್ನೇ ನೋಡುತ್ತಾರೆ. ನಾನು ಮೊದಲು ನೋಡುವುದು ಟಿಟಿ ಸೆಲ್ಲಿಂಗ್ ರೇಟ್, ಅಂದರೆ ಬ್ಯಾಂಕು ನಮಗೆ ಡಾಲರ್ ಮಾರುವ ದರ. ನಿಜವಾಗಿ ಹಣ ಸೋರುವುದು ಅಲ್ಲಿ. ಮಾರುಕಟ್ಟೆ ದರಕ್ಕೂ ಬ್ಯಾಂಕಿನ ದರಕ್ಕೂ ಒಂದೇ ರೂಪಾಯಿ ವ್ಯತ್ಯಾಸ ಎಂದರೂ ಸಾವಿರಾರು ಡಾಲರಿಗೆ ಎಷ್ಟಾಯಿತು, ಅಲ್ವಾ? ಕಳಿಸುವ ದಿನ ಎರಡು ಕಡೆ ದರ ಕೇಳಿ. ವಿನಿಮಯದ ಮೇಲೆ ಜಿಎಸ್‌ಟಿಯೂ ಇದೆ. 1 ಲಕ್ಷಕ್ಕೆ 180 ರೂಪಾಯಿ, 3 ಲಕ್ಷವನ್ನು ಒಟ್ಟಿಗೆ ಕಳಿಸಿದರೆ 360. ಮೂರು ಸಲ ಒಂದೊಂದು ಲಕ್ಷ ಕಳಿಸಿದರೆ 540, ಜೊತೆಗೆ ಮೂರು ಸಲದ ವೈರ್ ಶುಲ್ಕ. ಅದಕ್ಕೇ ನಾನು ತಿಂಗಳು ತಿಂಗಳೂ ಕಳಿಸುವುದಿಲ್ಲ, ಕೂಡಿಸಿ ಕಳಿಸುತ್ತೇನೆ.

ಅಮೆರಿಕದ ಕಡೆಯ ಲೆಕ್ಕವೂ ಇದೆ. ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಎಲ್ಲ ಆದಾಯವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು, ಹಣವನ್ನು ಇಲ್ಲಿಗೆ ತರಿಸಿದರೂ ಸರಿ, ಅಲ್ಲೇ ಬಿಟ್ಟರೂ ಸರಿ. ಪಿಂಚಣಿಗೆ ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 1116ರಲ್ಲಿ ಕ್ರೆಡಿಟ್ ಕೇಳಬಹುದು. ಅಲ್ಲಿನ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿನದು ಜನವರಿಯಿಂದ ಡಿಸೆಂಬರ್. ಹಾಗಾಗಿ ಪ್ರತಿ ತಿಂಗಳ ಪಿಂಚಣಿ ಸ್ಲಿಪ್ ಇಟ್ಟುಕೊಳ್ಳಿ, ಫಾರ್ಮ್ 16 ಒಂದರಿಂದ ಲೆಕ್ಕ ಸಿಗುವುದಿಲ್ಲ. ಭಾರತದ ಎಲ್ಲ ಖಾತೆ, ಎಫ್‌ಡಿ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಲೇಬೇಕು. ನಿವೃತ್ತಿಯಲ್ಲಿ ಬಂದ ಹಣ ಎಫ್‌ಡಿಯಲ್ಲಿ ಇಟ್ಟವರು ಈ ಮಿತಿಯನ್ನು ಸುಲಭವಾಗಿ ದಾಟಿರುತ್ತಾರೆ. ಸಲ್ಲಿಸಲು ದುಡ್ಡು ಕೊಡಬೇಕಿಲ್ಲ. ಸಲ್ಲಿಸದಿದ್ದರೆ ದಂಡ ದೊಡ್ಡದು.

ಇನ್ನು ಹೆಂಡತಿಯ ಹೆಸರಿನ ವಿಷಯ. ನಾನು ಹೋದ ಮೇಲೆ ಕುಟುಂಬ ಪಿಂಚಣಿ ಅವಳದ್ದು. ಪಿಪಿಒದಲ್ಲಿ ಹೆಸರಿರುವ ಪತಿ ಅಥವಾ ಪತ್ನಿಯ ಜೊತೆ ಪಿಂಚಣಿ ಖಾತೆ ಜಂಟಿಯಾಗಿದ್ದರೆ ಕುಟುಂಬ ಪಿಂಚಣಿಯನ್ನು ಅದೇ ಖಾತೆಗೆ ಹಾಕಬಹುದು, ಹೊಸ ಖಾತೆ ತೆರೆಯಿರಿ ಎಂದು ಬ್ಯಾಂಕು ಒತ್ತಾಯಿಸುವಂತಿಲ್ಲ. ನಮ್ಮ ಎನ್‌ಆರ್‌ಒ ಖಾತೆ ಇಬ್ಬರ ಹೆಸರಿನಲ್ಲಿದೆ. ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು ನಡೆಸಬಹುದು. ಇಲ್ಲಿನ ಖಾತೆಯೂ ಹಾಗೇ. ಕಳೆದ ಸಲ ಎನ್‌ಆರ್‌ಇಯಿಂದ ಹಣ ಕಳಿಸಿದ್ದು ಅವಳೇ. ನಾನು ಪಕ್ಕದಲ್ಲಿ ಕೂತಿದ್ದೆ, ಕೀಬೋರ್ಡ್ ಮುಟ್ಟಲಿಲ್ಲ.