ಮೂರನೇ ತಿಂಗಳಲ್ಲೇ ಸ್ಕ್ಯಾನ್‌ಗೆ ಬನ್ನಿ ಅಂತ ನಾನು ಯಾಕೆ ಹೇಳುತ್ತೇನೆ

ಬಸುರಿ ಹೆಂಗಸರ ಸ್ಕ್ಯಾನ್ ಮಾಡುವುದೇ ನನ್ನ ಕೆಲಸ. ಓದಿದ್ದು ಹೆರಿಗೆ ವಿಭಾಗ, ಆಮೇಲೆ ಹೊಟ್ಟೆಯೊಳಗಿನ ಮಗುವಿನ ಸ್ಕ್ಯಾನ್‌ನಲ್ಲೇ ತರಬೇತಿ ಪಡೆದು ಇದನ್ನೇ ಹಿಡಿದೆ. ನಮ್ಮದು ತಾಲ್ಲೂಕು ಊರು. ದೊಡ್ಡ ಆಸ್ಪತ್ರೆ ಬೇಕಂದ್ರೆ ದಾವಣಗೆರೆ, ಇನ್ನೂ ದೊಡ್ಡದು ಬೇಕಂದ್ರೆ ಬೆಂಗಳೂರು. ಹಾಗಾಗಿ ಸ್ಕ್ಯಾನ್‌ನಲ್ಲಿ ಏನಾದರೂ ತೊಂದರೆ ಕಂಡರೆ ಮುಂದಿನ ಒಂದೊಂದು ಹೆಜ್ಜೆಗೂ ಬಸ್ಸು, ದುಡ್ಡು, ರಜೆ, ಮನೆಯಲ್ಲಿರುವ ದೊಡ್ಡ ಮಗುವನ್ನು ನೋಡಿಕೊಳ್ಳುವವರು ಎಲ್ಲಾ ಬೇಕು. ಅದನ್ನೆಲ್ಲ ಹೊಂದಿಸಿಕೊಳ್ಳೋಕೆ ಟೈಮ್ ಬೇಕು. ನನ್ನ ಕೈಯಲ್ಲಿ ಒಳ್ಳೆಯ ಮೆಷಿನ್ ಇದೆ, ಆದರೆ ಹೆಂಗಸು ತಡವಾಗಿ ಬಂದರೆ ಆ ಮೆಷಿನ್‌ನಿಂದ ಅರ್ಧ ಪ್ರಯೋಜನ ಅಷ್ಟೇ.

ನಮ್ಮ ಕಡೆ ಲೆಕ್ಕ ತಿಂಗಳಲ್ಲಿ. ಡಾಕ್ಟರ ಲೆಕ್ಕ, ಕಾನೂನಿನ ಲೆಕ್ಕ ಎರಡೂ ವಾರದಲ್ಲಿ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ. ಎಲ್ಲರೂ ‘ಐದನೇ ತಿಂಗಳ ಸ್ಕ್ಯಾನ್’ ಅನ್ನುವುದು 18ರಿಂದ 20 ವಾರದೊಳಗೆ ಆಗಬೇಕು, ಅಂದರೆ ನಾಲ್ಕು ತುಂಬಿ ಐದು ನಡೆಯುವಾಗ. ‘ಐದು ತುಂಬಲಿ, ಆಷಾಢ ಕಳೀಲಿ, ತವರಿಗೆ ಹೋದಾಗ ಮಾಡಿಸೋಣ’ ಅಂತ ಮುಂದೂಡಿ ಬರುವ ಹೊತ್ತಿಗೆ 22, 23 ವಾರ ಆಗಿರುತ್ತದೆ. ಮೊದಲು ಇನ್ನೂ ಕಷ್ಟ ಇತ್ತು. 1971ರ ಕಾನೂನಿನಲ್ಲಿ ಮಗುವಿನ ತೊಂದರೆಗಾಗಿ ಗರ್ಭ ತೆಗೆಸಲು 20 ವಾರವೇ ಗಡಿ. ಗಡಿಗೆ ಒಂದೆರಡು ದಿನ ಇರುವಾಗ ಗಂಭೀರ ತೊಂದರೆ ಕಂಡರೆ ಆ ದಂಪತಿಗೆ ಯೋಚನೆ ಮಾಡೋಕೆ ಒಂದು ರಾತ್ರಿ ಸಿಕ್ಕರೆ ಹೆಚ್ಚು. 2021ರ ತಿದ್ದುಪಡಿ ಬಂದ ಮೇಲೆ ಮಗುವಿಗೆ ಗಂಭೀರ ನ್ಯೂನತೆ ಇದ್ದರೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ ಇದೆ. ಅದನ್ನೂ ಮೀರಿದರೆ ವೈದ್ಯಕೀಯ ಮಂಡಳಿ ನೋಡಿ ತೀರ್ಮಾನಿಸುತ್ತದೆ. ವಯಸ್ಕ ಹೆಂಗಸಾದರೆ ಅವಳ ಸಹಿ ಒಂದೇ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಇದನ್ನು ನಾನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ಹಾಗೆಯೇ ಮಗುವನ್ನು ಉಳಿಸಿಕೊಳ್ಳುವುದೂ ಅವಳ ಹಕ್ಕೇ ಅಂತ ಅಷ್ಟೇ ಸ್ಪಷ್ಟವಾಗಿ ಹೇಳುತ್ತೇನೆ.

ಇದಕ್ಕೇ ಮೂರನೇ ತಿಂಗಳ ಸ್ಕ್ಯಾನ್ ಅಂದರೆ ನನಗೆ ಅಷ್ಟು ಮುಖ್ಯ. 11 ವಾರ ತುಂಬಿದ ಮೇಲೆ, 14 ತುಂಬುವುದರೊಳಗೆ. ಮಗು ತಲೆಯಿಂದ ಕುಂಡಿಯವರೆಗೆ 45ರಿಂದ 84 ಮಿಲಿಮೀಟರ್ ಇರುವಾಗ ಕತ್ತಿನ ಹಿಂದೆ, ಚರ್ಮದ ಕೆಳಗೆ ಸ್ವಲ್ಪ ನೀರು ಕಾಣುತ್ತದೆ. ಅದರ ದಪ್ಪ ಅಳೆಯುವುದೇ ಎನ್‌ಟಿ ಸ್ಕ್ಯಾನ್. ಕೇಳೋಕೆ ಸುಲಭ. ಆದರೆ ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಮಗು ಸರಿಯಾಗಿ ಪಕ್ಕಕ್ಕೆ ಕಾಣಬೇಕು, ತಲೆ ಮತ್ತು ಎದೆ ಮಾತ್ರ ಪರದೆ ತುಂಬಬೇಕು. ಗದ್ದ ಎದೆಗೆ ಒತ್ತಿಕೊಂಡಿದ್ದರೆ ಅಳತೆ ಕಡಿಮೆ ಬರುತ್ತದೆ, ಕತ್ತು ಹಿಂದಕ್ಕೆ ಬಾಗಿದ್ದರೆ ಜಾಸ್ತಿ ಬರುತ್ತದೆ. ಇನ್ನೊಂದು ತೊಡಕು ಅಂದರೆ ನೀರಿನ ಚೀಲದ ಪೊರೆ. ಮಗು ಅಂಗಾತ ಮಲಗಿದ್ದಾಗ ಆ ಪೊರೆ ಬೆನ್ನ ಹಿಂದೆಯೇ ಇರುತ್ತದೆ, ಅದೂ ಚರ್ಮದ ಹಾಗೇ ಒಂದು ಬಿಳಿ ಗೆರೆ. ಅದನ್ನೇ ಚರ್ಮ ಅಂತ ಅಳೆದರೆ ಇಲ್ಲದ ರೋಗವನ್ನು ಅಂಟಿಸಿದ ಹಾಗೆ ಆಗುತ್ತದೆ. ಆಗ ನಾನು ಕಾಯುತ್ತೇನೆ. ‘ಒಂದು ಸಲ ಕೆಮ್ಮಮ್ಮ’ ಅನ್ನುತ್ತೇನೆ. ಮಗು ಹಾರಿದಾಗ ಚರ್ಮದ ಗೆರೆ ಮಗುವಿನ ಜೊತೆ ಏಳುತ್ತದೆ, ಪೊರೆ ಇದ್ದಲ್ಲೇ ಇರುತ್ತದೆ. ಆ ಅರೆ ಗಳಿಗೆಯ ಚಿತ್ರವನ್ನು ನಿಲ್ಲಿಸಿ ಅಳೆಯುತ್ತೇನೆ. ಮಗು ತಿರುಗದಿದ್ದರೆ ಹೆಂಗಸನ್ನು ಹೊರಗೆ ಓಡಾಡಿಕೊಂಡು ಬಾ ಅಂತ ಕಳಿಸುತ್ತೇನೆ. ಹೊರಗೆ ಸಾಲು ಉದ್ದ ಇದೆ ಅಂತ ಅಂದಾಜಿನ ನಂಬರ್ ಬರೆಯುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

ಕತ್ತಿನ ಹಿಂದಿನ ಆ ನೀರಿನ ದಪ್ಪ 3.5 ಮಿಲಿಮೀಟರ್ ದಾಟಿದರೆ ನಾನು ಕೂಡಲೇ ಮುಂದಿನ ಪರೀಕ್ಷೆಯ ಮಾತೆತ್ತುತ್ತೇನೆ. ಅದು ಡೌನ್ ಸಿಂಡ್ರೋಮ್, ಅಂದರೆ ಒಂದು ಕ್ರೋಮೋಸೋಮ್ ಹೆಚ್ಚಿಗೆ ಇದ್ದು ಮಗುವಿನ ಬುದ್ಧಿ ಬೆಳವಣಿಗೆ ನಿಧಾನ ಆಗುವ ತೊಂದರೆ, ಅಂತಲೇ ಅರ್ಥ ಅಲ್ಲ. ಕ್ರೋಮೋಸೋಮ್ ಸರಿಯಿದ್ದರೂ ಹೃದಯದಲ್ಲಿ ದೋಷ ಇರಬಹುದು, ಎಷ್ಟೋ ಸಲ ಏನೂ ಇಲ್ಲದೆಯೂ ಮಗು ಚೆನ್ನಾಗಿ ಹುಟ್ಟುತ್ತದೆ. ಇದೇ ಸ್ಕ್ಯಾನ್‌ನಲ್ಲಿ ತಲೆಬುರುಡೆ ಬೆಳೆಯದೇ ಇರುವುದು, ಹೊಟ್ಟೆಯ ಗೋಡೆ ಮುಚ್ಚದೇ ಇರುವುದು ಕಾಣುತ್ತದೆ. ಅವಳಿ ಇದ್ದರೆ ಇಬ್ಬರಿಗೂ ಒಂದೇ ಮಾಸೋ ಬೇರೆ ಬೇರೆಯೋ ಅನ್ನುವುದು ಈಗ ತಿಳಿದಷ್ಟು ಸ್ಪಷ್ಟವಾಗಿ ಮುಂದೆ ತಿಳಿಯುವುದಿಲ್ಲ. ಒಂದೇ ಮಾಸಾದರೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುವ ಅಪಾಯ ಇರುತ್ತದೆ, 16 ವಾರದಿಂದ ಎರಡು ವಾರಕ್ಕೊಮ್ಮೆ ನೋಡಲೇಬೇಕು.

ತಾಯಿಯ ವಿಷಯಕ್ಕೂ ಇದೇ ಸರಿಯಾದ ಹೊತ್ತು. ಬಿಪಿ ಏರಿ, ಮೈಯೆಲ್ಲ ಊದಿ, ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ಕಳೆದುಕೊಂಡ ಮನೆ ನಮ್ಮ ಕಡೆ ಪ್ರತಿ ಹೋಬಳಿಯಲ್ಲೂ ಸಿಗುತ್ತದೆ. ಮೂರನೇ ತಿಂಗಳಲ್ಲಿ ಬಿಪಿ ನೋಡಿ, ಗರ್ಭಕೋಶಕ್ಕೆ ಹೋಗುವ ರಕ್ತನಾಳದ ಹರಿವನ್ನು ಡಾಪ್ಲರ್‌ನಲ್ಲಿ ಅಳೆದು, ಹಿಂದಿನ ಹೆರಿಗೆ ಹೇಗಾಯ್ತು ಅಂತ ಕೇಳಿದರೆ ಯಾರಿಗೆ ಅಪಾಯ ಜಾಸ್ತಿ ಅಂತ ಸುಮಾರಾಗಿ ಗೊತ್ತಾಗುತ್ತದೆ. ಅಂಥವರಿಗೆ ರಾತ್ರಿ ಮಲಗುವಾಗ 150 ಮಿಲಿಗ್ರಾಂ ಆಸ್ಪಿರಿನ್. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ, 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಬಿಪಿ ಕಾಯಿಲೆ ಇದರಿಂದ ಶೇ 60ಕ್ಕಿಂತಲೂ ಹೆಚ್ಚಾಗಿ ತಗ್ಗಿತು. ಅಗ್ಗದ ಮಾತ್ರೆ. ಆದರೆ 16 ವಾರದೊಳಗೆ ಶುರು ಮಾಡಬೇಕು, ಅದೂ ಡಾಕ್ಟರು ನೋಡಿ ಬರೆದರೆ ಮಾತ್ರ. ಐದನೇ ತಿಂಗಳಲ್ಲಿ ಮೊದಲ ಸಲ ಬಂದವಳಿಗೆ ನಾನು ಆ ಲಾಭ ಕೊಡಲಾರೆ. ನನಗೆ ಬಹಳ ಹೊಟ್ಟೆ ಉರಿಯುವುದು ಇಲ್ಲೇ.

18-20 ವಾರದ ಸ್ಕ್ಯಾನ್ ಇನ್ನೂ ನಿಧಾನದ ಕೆಲಸ. ಬೆನ್ನುಹುರಿಯ ತೊಂದರೆಯನ್ನು ನಾನು ಮೊದಲು ಹುಡುಕುವುದು ತಲೆಯಲ್ಲಿ. ಬೆನ್ನು ತೆರೆದಿದ್ದರೆ ಮೆದುಳಿನ ಹಿಂಭಾಗ ಕೆಳಕ್ಕೆ ಜಗ್ಗಿ ಬಾಳೆಹಣ್ಣಿನ ಆಕಾರಕ್ಕೆ ಬಾಗುತ್ತದೆ, ಹಣೆಯ ಎರಡೂ ಕಡೆ ಒಳಕ್ಕೆ ಹೋಗಿ ತಲೆ ನಿಂಬೆಹಣ್ಣಿನ ಆಕಾರ ಪಡೆಯುತ್ತದೆ. ಲಂಡನ್ನಿನ ಡಾ. ನಿಕೊಲಾಯ್ಡಿಸ್ ಮತ್ತು ಜೊತೆಯವರು 1986ರಲ್ಲಿ ಬರೆದ ಗುರುತುಗಳು ಇವು, ಇವತ್ತಿಗೂ ದಿನಾ ಬಳಸುತ್ತೇವೆ. ಬೆನ್ನಿನ ಸೀಳು ಚಿಕ್ಕದಿದ್ದರೆ ಕಣ್ಣಿಗೆ ಬೀಳದೇ ಇರಬಹುದು, ತಲೆ ಮಾತ್ರ ಹೇಳಿಬಿಡುತ್ತದೆ. ಹೃದಯದಲ್ಲಿ ನಾಲ್ಕು ಕೋಣೆ ನೋಡಿ ಬಿಟ್ಟರೆ ಸಾಲದು. ಎರಡು ದೊಡ್ಡ ರಕ್ತನಾಳಗಳು ಒಂದನ್ನೊಂದು ದಾಟಿ ಹೋಗಬೇಕು. ಅವು ಜೊತೆಜೊತೆಯಾಗಿ ನೇರ ಹೊರಟಿದ್ದರೆ ಅದಲು ಬದಲಾಗಿವೆ ಅಂತ ಅನುಮಾನ. ಅಂಥ ಮಗು ಹೊಟ್ಟೆಯಲ್ಲಿ ಆರಾಮಾಗಿರುತ್ತದೆ, ಹುಟ್ಟಿದ ಕೆಲವೇ ಗಂಟೆಯಲ್ಲಿ ನೀಲಿಗಟ್ಟಬಹುದು. ಮೊದಲೇ ಗೊತ್ತಿದ್ದರೆ ಮಕ್ಕಳ ಹೃದಯದ ಡಾಕ್ಟರು ಇರುವ ಊರಿನಲ್ಲೇ ಹೆರಿಗೆ ಮಾಡಿಸಬಹುದು, ಆಪರೇಷನ್ ಆದರೆ ಬಹಳಷ್ಟು ಮಕ್ಕಳು ಬದುಕುತ್ತಾರೆ. ಸ್ಕ್ಯಾನ್ ಅಂದರೆ ಗರ್ಭ ತೆಗೆಸೋಕೆ ಅಂತ ತಿಳಿದುಕೊಂಡವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದೇ.

ಇದಕ್ಕೆ ತದ್ವಿರುದ್ಧ ಹೃದಯದೊಳಗಿನ ಬಿಳಿ ಚುಕ್ಕೆ. ರಿಪೋರ್ಟಿನಲ್ಲಿ ಅದನ್ನು ಓದಿ, ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅತ್ತು ಅತ್ತು ಕಣ್ಣು ಊದಿಸಿಕೊಂಡು ಬರುತ್ತಾರೆ. ಬೇರೆಲ್ಲ ಸರಿಯಿದ್ದು, ಮೂರನೇ ತಿಂಗಳ ಪರೀಕ್ಷೆಯೂ ಚೆನ್ನಾಗಿದ್ದರೆ, ಆ ಒಂಟಿ ಚುಕ್ಕೆಯಿಂದ ಹೃದಯಕ್ಕೆ ಏನೂ ಆಗುವುದಿಲ್ಲ. ಅದಕ್ಕೇ ನಾನು ಚುಕ್ಕೆ ಬರೆದ ಸಾಲಿನ ಕೆಳಗೇ ಇದನ್ನೂ ಕನ್ನಡದಲ್ಲಿ ಕೈಯಿಂದ ಬರೆದು ಕೊಡುತ್ತೇನೆ.

ಕೆಟ್ಟ ಸುದ್ದಿ ಹೇಳುವುದನ್ನು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ಮಾಡುತ್ತಾ ಮಾಡುತ್ತಾ ಒಂದು ರೂಢಿ ಮಾಡಿಕೊಂಡಿದ್ದೇನೆ. ಶುರುವಿನಲ್ಲೇ ‘ನಾನು ಸುಮ್ನಿದ್ದರೆ ಗಾಬರಿ ಆಗ್ಬೇಡ, ನೋಡ್ತಾ ಇದ್ದೀನಿ ಅಷ್ಟೇ’ ಅನ್ನುತ್ತೇನೆ. ತೊಂದರೆ ಕಂಡರೆ ಮಲಗಿದ್ದಾಗ ಹೇಳುವುದಿಲ್ಲ. ಜೆಲ್ ಒರೆಸಿ, ಸೀರೆ ಸರಿಮಾಡಿಕೊಂಡು, ಎದ್ದು ಕುರ್ಚಿಯಲ್ಲಿ ಕೂತ ಮೇಲೆ ಹೇಳುತ್ತೇನೆ. ಅವಳಿಗೇ ಹೇಳುತ್ತೇನೆ. ಅತ್ತೆಯನ್ನೋ ಗಂಡನನ್ನೋ ಹೊರಗೆ ಕರೆದು ಪಿಸುಗುಟ್ಟುವುದು ನನಗೆ ಸರಿ ಕಾಣುವುದಿಲ್ಲ, ಮಗು ಇರುವುದು ಅವಳ ಹೊಟ್ಟೆಯಲ್ಲಿ ಅಲ್ವಾ. ಯಾರು ಜೊತೆಗಿರಬೇಕು ಅಂತ ಅವಳನ್ನೇ ಕೇಳುತ್ತೇನೆ. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತೇನೆ.

ಒಬ್ಬ ಹುಡುಗಿಗೆ ಹೀಗೆ ಬೆನ್ನಿನ ಸೀಳು ತೋರಿಸಿದೆ. ಬೆನ್ನು ತೆರೆದಿರುವುದು ಖಂಡಿತ, ತಲೆಯಲ್ಲಿ ನೀರು ತುಂಬಿ ಆಪರೇಷನ್ ಬೇಕಾಗುವ ಸಾಧ್ಯತೆ ಜಾಸ್ತಿ, ಮೂತ್ರದ ಹಿಡಿತ ಕಷ್ಟ ಆಗಬಹುದು, ನಡೆಯುತ್ತದೋ ಇಲ್ಲವೋ ಈಗಲೇ ಹೇಳಲು ಆಗುವುದಿಲ್ಲ ಅಂದೆ. ಅವಳು ಬಹಳ ಹೊತ್ತು ಆ ಚಿತ್ರವನ್ನೇ ನೋಡಿ ‘ಮಗೂಗೆ ಈಗ ನೋವಾಗ್ತಾ ಇದ್ಯಾ?’ ಅಂತ ಕೇಳಿದಳು. ಈ ವಾರಗಳಲ್ಲಿ ನೋವು ಗೊತ್ತಾಗುವಷ್ಟು ಮೆದುಳು ಬೆಳೆದಿರುವುದಿಲ್ಲ ಅಂತ ಡಾಕ್ಟರುಗಳು ತಿಳಿದಿದ್ದಾರೆ ಅಂದೆ. ಆಗ ಅತ್ತಳು. 19 ವಾರಕ್ಕೇ ಬಂದಿದ್ದರಿಂದ ಬೆಂಗಳೂರಿಗೆ ಹೋಗಿ ಮಕ್ಕಳ ಸರ್ಜನ್‌ರನ್ನು ಕಂಡು, ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ, ಮನೆಯಲ್ಲಿ ಮಾತಾಡಿ ತೀರ್ಮಾನಿಸಲು ಅವರಿಗೆ ಟೈಮ್ ಸಿಕ್ಕಿತು. ಏನು ತೀರ್ಮಾನಿಸಿದರು ಅನ್ನುವುದು ಅವರ ಮನೆಯ ವಿಷಯ.

ಅವಳ ಅತ್ತೆ ಕೇಳಿದ್ದು ಬೇರೆ. ‘ಗ್ರಹಣದ ದಿನ ಹೊರಗೆ ಬಂದಿದ್ಲು, ಅದಕ್ಕೇ ಹಿಂಗಾಯ್ತಾ?’ ಇದು ತಿಂಗಳಿಗೊಮ್ಮೆಯಾದರೂ ಕೇಳಿಬರುತ್ತದೆ, ಸೀಳುತುಟಿ ಕಂಡರಂತೂ ತಪ್ಪುವುದೇ ಇಲ್ಲ. ನಾನು ಗದರುವುದಿಲ್ಲ. ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನದೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ತುಟಿ ಕೂಡುವುದು ಎರಡು ತಿಂಗಳು ತುಂಬುವ ಹೊತ್ತಿಗೆ. ಆ ಗ್ರಹಣ ಬಂದಿದ್ದು ನಾಲ್ಕನೇ ತಿಂಗಳಲ್ಲಿ. ಈ ಲೆಕ್ಕ ಹೇಳಿದರೆ ಅತ್ತೆಗೂ ಅರ್ಥ ಆಗುತ್ತದೆ, ಸೊಸೆಯ ತಲೆ ಮೇಲಿನ ಭಾರವೂ ಇಳಿಯುತ್ತದೆ.

ಅದೇ ಲೆಕ್ಕದಲ್ಲಿ ಫೋಲಿಕ್ ಆಸಿಡ್ ವಿಷಯವೂ ಬರುತ್ತದೆ. ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಬೆನ್ನುಹುರಿ ಮುಚ್ಚುವ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಮಾತ್ರೆ ಅದಕ್ಕೂ ಮೊದಲೇ ಬೇಕು, ಮಗು ಬೇಕು ಅಂತ ಅಂದುಕೊಂಡಾಗಿನಿಂದ ದಿನಾ 400 ಮೈಕ್ರೋಗ್ರಾಂ. ಹಿಂದೆ ಬೆನ್ನುಹುರಿ ಮುಚ್ಚದ ಮಗು ಆಗಿದ್ದವರಿಗೆ 5 ಮಿಲಿಗ್ರಾಂ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ (ಎಂಆರ್‌ಸಿ) 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ತೊಂದರೆ ಮರುಕಳಿಸುವುದು ಶೇ 72ರಷ್ಟು ತಗ್ಗಿತು. ಮದುವೆ ಸೀಸನ್ನಿನಲ್ಲಿ ನಮ್ಮ ಊರಿನ ಆಶಾ ಕಾರ್ಯಕರ್ತೆಯರಿಗೆ ನಾನು ಇದನ್ನೇ ಮತ್ತೆ ಮತ್ತೆ ಹೇಳುವುದು.

ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ನಮ್ಮಲ್ಲಿ ಬಹಳ. ಯಾವ ದಂಪತಿಗೂ ನೂರರಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೂ ದೊಡ್ಡ ತೊಂದರೆ ಇರುತ್ತದೆ, ರಕ್ತಸಂಬಂಧದಲ್ಲಿ ಅದು ಹೆಚ್ಚು. ಆದರೂ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ, ಇದನ್ನು ಹೇಳದೆ ಅದನ್ನಷ್ಟೇ ಹೇಳುವುದು ಸರಿಯಲ್ಲ.

ಎನ್‌ಐಪಿಟಿ, ಅಂದರೆ ತಾಯಿಯ ರಕ್ತದಿಂದಲೇ ಮಗುವಿನ ಕ್ರೋಮೋಸೋಮ್ ತೊಂದರೆಯ ಸಾಧ್ಯತೆ ನೋಡುವ ಪರೀಕ್ಷೆ, ಇದರ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ತಾಯಿಯ ರಕ್ತದಲ್ಲಿ ಮಾಸಿನಿಂದ ಬಂದ ಡಿಎನ್‌ಎ ತೇಲುತ್ತಿರುತ್ತದೆ, 1997ರಲ್ಲಿ ಡೆನಿಸ್ ಲೋ ಮತ್ತು ಜೊತೆಯವರು ಕಂಡುಹಿಡಿದದ್ದು. ಡೌನ್ ಸಿಂಡ್ರೋಮ್‌ಗೆ ಒಳ್ಳೆಯ ಪರೀಕ್ಷೆ, ಆದರೆ ದುಬಾರಿ, ಮತ್ತು ಅದೊಂದೇ ಸಾಕ್ಷಿ ಅಲ್ಲ. ‘ಹೈ ರಿಸ್ಕ್’ ಬಂತು ಅಂತ ಗರ್ಭ ತೆಗೆಸುವ ಮಾತಾಡಿದರೆ ನಾನು ಖಡಾಖಂಡಿತವಾಗಿ ತಡೆಯುತ್ತೇನೆ. ಮೊದಲು ಮಗುವಿನ ಸುತ್ತ ಇರುವ ನೀರಿನ ಪರೀಕ್ಷೆ ಆಗಲಿ. 15 ವಾರ ತುಂಬಿದ ಮೇಲೆ, ಸ್ಕ್ಯಾನ್‌ನಲ್ಲಿ ನೋಡುತ್ತಲೇ ತೆಳು ಸೂಜಿ ಇಳಿಸಿ 15ರಿಂದ 20 ಮಿಲಿಲೀಟರ್ ನೀರು ತೆಗೆಯುತ್ತೇವೆ. ಇದರಿಂದ ಗರ್ಭ ಹೋಗುವ ಅಪಾಯ ಅನುಭವ ಇರುವವರ ಕೈಯಲ್ಲಿ ಇನ್ನೂರಕ್ಕೆ ಒಂದಕ್ಕಿಂತ ಕಡಿಮೆ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಚುಚ್ಚುಮದ್ದು ಮರೆಯಬಾರದು.

ಗಂಡೋ ಹೆಣ್ಣೋ ಅಂತ ನಾನು ಹೇಳುವುದಿಲ್ಲ. ಸನ್ನೆಯಲ್ಲೂ ಇಲ್ಲ. ‘ಮೊದಲನೇದು ಹೆಣ್ಣು, ಡಾಕ್ಟ್ರೇ’ ಅಂತ ಸುಮ್ನೆ ನಿಲ್ಲುವವರಿಗೂ ಇಲ್ಲ. 1994ರ ಕಾನೂನು ಇರುವುದರಿಂದ ಮಾತ್ರ ಅಲ್ಲ, ಆ ಕಾನೂನು ಇಲ್ಲದಿದ್ದರೂ ಹೇಳುತ್ತಿರಲಿಲ್ಲ.

ಕೊನೆಗೆ ಒಂದು ವಿಷಯ, ನಮ್ಮ ಕಡೆ ಬಹಳ ಕಡೆಗಣಿಸಿರುವುದು. ಮಗು ಉಳಿಯದೇ ಹೋದಾಗ, ಅಥವಾ ತಾಯಿ ಗರ್ಭ ತೆಗೆಸಲು ತೀರ್ಮಾನಿಸಿದಾಗ, ಎಲ್ಲರೂ ಆದಷ್ಟು ಬೇಗ ಮಣ್ಣು ಮಾಡಿ ಮುಗಿಸಬೇಕು ಅನ್ನುತ್ತಾರೆ. ಆ ದುಃಖ ನನಗೆ ಅರ್ಥ ಆಗುತ್ತದೆ. ಆದರೂ ನಾನು ಮೊದಲೇ ಕೂರಿಸಿಕೊಂಡು ಕೇಳುತ್ತೇನೆ: ಮಗುವಿನ ಫೋಟೊ, ಎಕ್ಸ್‌ರೇ, ಡಿಎನ್‌ಎ ತೆಗೆದಿಡಲು ಒಂದಿಷ್ಟು ಮಾದರಿ, ಒಪ್ಪಿದರೆ ಪೋಸ್ಟ್‌ಮಾರ್ಟಂ. ಸ್ಕ್ಯಾನ್‌ನಲ್ಲಿ ಕಾಣದ ಇನ್ನೊಂದು ದೋಷ ಎಷ್ಟೋ ಸಲ ಅಲ್ಲಿ ಸಿಗುತ್ತದೆ, ಆಗ ರೋಗದ ಹೆಸರೇ ಬದಲಾಗುತ್ತದೆ. ಮುಂದಿನ ಮಗುವಿಗೆ ಇದು ಬರುವ ಸಾಧ್ಯತೆ ನಾಲ್ಕಕ್ಕೆ ಒಂದೋ ನೂರಕ್ಕೆ ಒಂದೋ ಅನ್ನುವುದು ಆ ಹೆಸರಿನ ಮೇಲೇ ನಿಂತಿರುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದನ್ನು ಕೂತು ವಿವರಿಸುವವರಿದ್ದಾರೆ. ಹಿಂದಿನ ರಿಪೋರ್ಟು, ಸ್ಕ್ಯಾನ್ ಫಿಲ್ಮು, ತಾಯಿ ಕಾರ್ಡು ಒಂದನ್ನೂ ಎಸೆಯದೆ ಎಲ್ಲ ಒಂದು ಚೀಲದಲ್ಲಿಟ್ಟು, ಮುಂದಿನ ಸಲ ಬಸುರಿಯಾಗುವ ಮೊದಲೇ ತೆಗೆದುಕೊಂಡು ಹೋಗಿ.