ಹೆಬ್ಬಾತಿಗೆ ಮೊದಲು ಹುಲ್ಲು, ಆಮೇಲೆ ಕಾಳು

ಪಕ್ಕದ ಮನೆಯ ಸೊಸೆ ಒಂದು ಜೊತೆ ಹೆಬ್ಬಾತಿನ ಮರಿ ತಂದಿದ್ದಾಳೆ. "ಅಮ್ಮಾ, ಇವಕ್ಕೆ ಏನು ಹಾಕಲಿ?" ಎಂದು ಬೇಲಿಯಾಚೆಯಿಂದ ಕೇಳಿದಳು. ಕೈಯಲ್ಲಿ ಬ್ರೆಡ್ಡಿನ ಚೂರು ಇತ್ತು. ಮೊದಲು ಅದನ್ನು ಒಳಗಿಟ್ಟು ಬಾ ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಶಿರಹಟ್ಟಿಯ ಕಡೆ. ಅಲ್ಲಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಕೆರೆಯಲ್ಲಿ ತಂಗುತ್ತವೆ, ಹೊಟ್ಟೆಗೆ ಮಾತ್ರ ಸುತ್ತಲಿನ ಹೊಲಗಳಿಗೇ ಹೋಗಬೇಕು. ದನದ ಹಾಗೆ ತಲೆ ತಗ್ಗಿಸಿ ಚಿಗುರು ಮೇಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಾವು ಸಾಕುವ ಜಾತಿ ಬೇರೆ, ಆದರೆ ಹೊಟ್ಟೆಯ ಗುಣ ಅದೇ. ಬಾತುಕೋಳಿ ಕೆಸರಿನಲ್ಲಿ ಹುಳು ಹುಡುಕುತ್ತದೆ, ಕೋಳಿ ಕಾಳು ಕೆದಕುತ್ತದೆ, ಹೆಬ್ಬಾತು ಮೇಯುತ್ತದೆ. ಅದರ ಕೊಕ್ಕಿನ ಅಂಚು ಒಮ್ಮೆ ಹತ್ತಿರದಿಂದ ನೋಡಿ, ಗರಗಸದಂತೆ ಹಲ್ಲು ಹಲ್ಲಾಗಿದೆ. ಹುಲ್ಲು ಕತ್ತರಿಸಲೆಂದೇ ಇರುವ ಕೊಕ್ಕು ಅದು. ಆದ್ದರಿಂದ ಇದನ್ನು ಕೋಳಿಯಂತೆ ಸಾಕಬೇಡಿ, ಕರುವಿನಂತೆ ಸಾಕಿ.

ಬೆಳೆದ ಹೆಬ್ಬಾತಿಗೆ ದಿನವಿಡೀ ಎಳೆಯ ಗರಿಕೆ ಸಿಕ್ಕರೆ ಅದೇ ಊಟ. ಬೆಳೆದು ನಾರಾದ ಉದ್ದ ಹುಲ್ಲು ಬೇಡ. ಅದು ಗಂಟಲ ಬುಡದಲ್ಲಿ ಉಂಡೆ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಂಗಳ ಒಣಗಿದಾಗ ನಾನು ಎಲೆಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು, ದಂಟು, ನುಗ್ಗೆಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ ನೀರಿನ ಬೋಗುಣಿಯಲ್ಲಿ ತೇಲಿಬಿಡುತ್ತೇನೆ. ಸಂಜೆ ಗೂಡಿಗೆ ಕರೆಯುವಾಗ ಒಂದೊಂದಕ್ಕೆ ಒಂದು ಹಿಡಿ ಭತ್ತ ಇಲ್ಲವೇ ಒಡೆದ ಜೋಳ, ಅಷ್ಟು ಸಾಕು. ಮೊಟ್ಟೆ ಇಡುವ ಕಾಲದಲ್ಲಿ, ಗರಿ ಉದುರಿ ಹೊಸದು ಬರುವಾಗ ಸ್ವಲ್ಪ ಹೆಚ್ಚಿಸಿ. ಮೊಟ್ಟೆಯ ಕಾಲಕ್ಕೆ ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬೇರೆ ತಟ್ಟೆಯಲ್ಲಿಡಿ, ಬೇಕಾದಷ್ಟನ್ನು ತಾನೇ ತಿನ್ನುತ್ತದೆ. ಹಲ್ಲಿಲ್ಲದ ಪ್ರಾಣಿ, ಅರೆಯುವುದೆಲ್ಲ ಹೊಟ್ಟೆಯೊಳಗೆ. ಹಾಗಾಗಿ ದಪ್ಪ ಮರಳು ಒಂದು ಮೂಲೆಯಲ್ಲಿ ಸದಾ ಇರಲಿ.

ಮರಿಗಳ ವಿಷಯದಲ್ಲಿ ನಾನು ಕಲಿತದ್ದು ತಪ್ಪು ಮಾಡಿಯೇ. ಮೊದಲ ಸಲ ತಂದ ಐದು ಮರಿಗಳಿಗೆ ಅಂಗಡಿಯ ಕೋಳಿಮರಿ ಆಹಾರವನ್ನೇ ಹಾಕಿದೆ. ಎರಡನೆಯ ವಾರ ಒಂದು ಮರಿ ನಡೆಯುವುದನ್ನು ಬಿಟ್ಟು ಮೊಣಕಾಲ ಮೇಲೆ ಕುಳಿತೇ ಸರಿಯತೊಡಗಿತು, ಕಾಲುಗಳು ಬಿಲ್ಲಿನಂತೆ ಬಾಗಿದ್ದವು. ಪಶುವೈದ್ಯರು ನೋಡಿ, ಇದು ನಯಾಸಿನ್ ಕೊರತೆ, ಬಾತು ಜಾತಿಗೆ ಕೋಳಿಮರಿಗಿಂತ ಈ ಬಿ ಜೀವಸತ್ವ ಬಹಳ ಹೆಚ್ಚು ಬೇಕು ಎಂದರು. ಅವರು ಹೇಳಿದಂತೆ ಹನಿ ಔಷಧಿಯನ್ನು ನೀರಿಗೆ ಬೆರೆಸಿದೆ, ಮರಿ ಎದ್ದು ನಡೆಯಿತು. ತಡ ಮಾಡಿದ್ದರೆ ಕಾಲು ಹಾಗೆಯೇ ಉಳಿಯುತ್ತಿತ್ತು. ಅಂದಿನಿಂದ ಮರಿಗಳ ಆಹಾರಕ್ಕೆ ಮೊದಲ ದಿನದಿಂದಲೇ ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸುತ್ತೇನೆ. ಆಹಾರ ಕೊಳ್ಳುವಾಗ ಔಷಧಿ ಬೆರೆಸದ್ದನ್ನೇ ಕೇಳಿ ತನ್ನಿ.

ಮೂರು ವಾರ ಕಳೆದ ಮೇಲೆ ಪುಷ್ಟಿಯ ಆಹಾರ ಇಳಿಸಿ, ಹುಲ್ಲು ಏರಿಸಿ. ಬ್ರೆಡ್ಡು, ಅನ್ನ, ಹೆಚ್ಚು ಕಾಳು ತಿಂದ ಮರಿಯ ಮೈ ಬೇಗ ಬೆಳೆದು, ಗರಿಯ ಭಾರಕ್ಕೆ ರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಳ್ಳುತ್ತದೆ. ಎಳೆಯದಿದ್ದಾಗಲೇ ಕಂಡರೆ ರೆಕ್ಕೆಯನ್ನು ಮಡಿಸಿ ಮೆತ್ತನೆಯ ಬಟ್ಟೆಯಿಂದ ಕೆಲವು ದಿನ ಕಟ್ಟಿ ಸರಿಪಡಿಸಬಹುದು. ಬಲಿತ ಮೇಲೆ ಆಗದು.

ಮಲೆನಾಡಿನವರು ಎರಡು ವಿಷಯ ಗಮನಿಸಬೇಕು. ಮಳೆಗಾಲದಲ್ಲಿ ಇಲ್ಲಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದ ಜೋಳ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಯಕೃತ್ತಿಗೆ ಇಳಿಯುತ್ತದೆ, ತೊಳೆದು ಒಣಗಿಸಿದರೂ ಹೋಗುವುದಿಲ್ಲ. ದನಕ್ಕಾದರೂ ಆದೀತು ಎಂದು ಎತ್ತಿಡಬೇಡಿ, ಗುಂಡಿಗೆ ಹಾಕಿ ಮುಚ್ಚಿ. ಇನ್ನೊಂದು, ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದ ತೋಟಕ್ಕೆ ಇವನ್ನು ಬಿಡಬೇಡಿ. ಮೈಲುತುತ್ತದ ಹನಿ ಹುಲ್ಲಿನ ಮೇಲೂ ಬಿದ್ದಿರುತ್ತದೆ, ನೀರು ನಿಂತ ಕಡೆಯೂ ಸೇರಿರುತ್ತದೆ. ಕಳೆನಾಶಕ ಹೊಡೆದ ಜಾಗವೂ ಹಾಗೆಯೇ. ಉಪ್ಪಿನ ಪದಾರ್ಥ, ಈರುಳ್ಳಿ, ಚಾಕೊಲೇಟು, ಬೆಣ್ಣೆಹಣ್ಣು ಇವುಗಳ ಹತ್ತಿರಕ್ಕೂ ಬಿಡಬೇಡಿ. ಮೊಳೆ, ತಂತಿಯ ಚೂರು ಹೊಳೆದರೆ ನುಂಗಿಬಿಡುತ್ತದೆ, ಮನೆ ರಿಪೇರಿ ಆದಾಗ ಅಂಗಳ ಗುಡಿಸಿ.

ಕೊಳವಿಲ್ಲದೆ ಸಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ಸಾಕಬಹುದು. ಆದರೆ ನೀರಿನ ಪಾತ್ರೆ ತಲೆ ಪೂರ್ತಿ ಮುಳುಗುವಷ್ಟು ಆಳವಿರಬೇಕು. ಹುಲ್ಲು ಮೇಯ್ದು ಬಂದ ಹೆಬ್ಬಾತು ಮೊದಲು ಮಾಡುವುದನ್ನು ನೋಡಿ. ಕಣ್ಣಿನವರೆಗೆ ತಲೆ ಅದ್ದಿ, ಮೂಗಿನ ಹೊಳ್ಳೆಯಿಂದ ನೀರು ಚಿಮ್ಮಿಸಿ, ಕುತ್ತಿಗೆ ಎತ್ತಿ ಕೊಡವುತ್ತದೆ. ಇದಕ್ಕೆ ಅವಕಾಶವಿಲ್ಲದಿದ್ದರೆ ಕಣ್ಣು ಪಿಸುರು ಕಟ್ಟುತ್ತದೆ. ಮೀಯಲು ಪ್ಲಾಸ್ಟಿಕ್ ಟಬ್ ಇಟ್ಟರೆ ಸಾಕು, ನೀರು ದಿನಾ ಬದಲಾಗಬೇಕು. ಕೊಳೆತ ನಿಂತ ನೀರಿನಿಂದ ಕುತ್ತಿಗೆ ಸೋತು ಬಿದ್ದುಹೋಗುವ ರೋಗ ಬರುತ್ತದೆ. ತಾಯಿಯಿಲ್ಲದ ಎಳೆ ಮರಿಯನ್ನು ಮಾತ್ರ ನೀರಿಗೆ ಬಿಟ್ಟು ಮರೆಯಬೇಡಿ, ಅದರ ತುಪ್ಪುಳಕ್ಕೆ ತಾಯಿಯ ಎಣ್ಣೆ ಹತ್ತಿರುವುದಿಲ್ಲ, ನೆನೆದು ಶೀತವಾಗುತ್ತದೆ.

ಸಿಮೆಂಟ್ ನೆಲದಲ್ಲೇ ಇಟ್ಟರೆ ಅಂಗಾಲು ಒಡೆದು ಬಾವು ಬರುತ್ತದೆ, ಗೂಡಿಗೆ ಒಣ ಹುಲ್ಲು ಹಾಸಿ.

ರಾತ್ರಿ ಗೂಡಿನ ಬಾಗಿಲು ಹಾಕುವ ಮುಂಚೆ ನಾನು ಒಂದೊಂದನ್ನೂ ಎತ್ತಿ ಎದೆಯ ಕೆಳಗೆ ಅಂಗೈ ಇಡುತ್ತೇನೆ. ಎದೆಯ ಮೂಳೆ ಕತ್ತಿಯಂತೆ ಚುಚ್ಚಿದರೆ ಹಕ್ಕಿ ಸೊರಗಿದೆ, ಮಾರನೆಯ ದಿನ ಹಿಕ್ಕೆ ನೋಡುತ್ತೇನೆ, ಹುಳುವಿನ ಔಷಧಿಯ ಬಗ್ಗೆ ವೈದ್ಯರನ್ನು ಕೇಳುತ್ತೇನೆ. ಮೂಳೆಯೇ ಕೈಗೆ ಸಿಗದಿದ್ದರೆ ಸಂಜೆಯ ಭತ್ತ ನಿಲ್ಲುತ್ತದೆ. ಆಮೇಲೆ ಎಣಿಸಿ, ಮುಂಗುಸಿ ನುಸುಳದಂತೆ ಅಗಳಿ ಹಾಕುತ್ತೇನೆ.