ಒಂಬತ್ತು ಶಲ್ಯಗಳಲ್ಲಿ ಒಂದು ಬ್ಯಾನರ್: ನನ್ನ ಅನುಭವ

ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 2023ರ ಮಾರ್ಚ್ 13ರ ರಾತ್ರಿ ಮೋಹನ್ ಬಾಗಾನ್ ಫುಟ್‌ಬಾಲ್ ತಂಡದ ಹೆಸರಿನಿಂದ ‘ಎಟಿಕೆ’ ತೆಗೆಯಿರಿ ಎನ್ನುವ, ಶಲ್ಯಕ್ಕೊಂದರಂತೆ ಬರೆದ ನಮ್ಮ ಒಂಬತ್ತು ಇಂಗ್ಲಿಷ್ ಅಕ್ಷರಗಳು ಒಂದೂ ತಪ್ಪದೆ, ಒಂದೂ ತಲೆಕೆಳಗಾಗದೆ ಸಾಲಾಗಿ ಎದ್ದು ನಿಂತವು. ಈ ವಿಧಾನ ಎಂದಿಗೂ ಫಲಿಸದು ಎಂದು ಅದುವರೆಗೆ ನನ್ನನ್ನು ಗೇಲಿ ಮಾಡುತ್ತಿದ್ದವರಲ್ಲಿ ಇಬ್ಬರು ಆ ಹೊತ್ತಿನಲ್ಲಿ ಅದೇ ಬಟ್ಟೆಗಳ ತುದಿ ಹಿಡಿದುಕೊಂಡಿದ್ದರು. ಬ್ಯಾನರ್ ಕೆಲಸ ಮಾಡುವ ಗೆಳೆಯರು ಬೆಂಗಳೂರಿನಿಂದ ಪದೇ ಪದೇ ಕೇಳುತ್ತಿರುವುದರಿಂದ, ಅದನ್ನು ಮಾಡಿದ್ದು ಹೇಗೆ, ಅದಕ್ಕೂ ಮೊದಲು ಎಷ್ಟು ಬಾರಿ ಕೈ ಸುಟ್ಟುಕೊಂಡೆ ಎಂಬುದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಲೆಕ್ಕಗಳು ಅಂದಾಜಿನವು; ಚೀಟಿಗಳನ್ನು ಇಟ್ಟುಕೊಂಡವನು ನಾನಲ್ಲ.

ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಅರಮನೆ, ಕಾಡು, ಬೀದಿ ಎಂದು ಇಪ್ಪತ್ತು ಅಡಿಯ ಪರದೆಗಳನ್ನು ನೆಲಕ್ಕೆ ಹಾಸಿ, ಅದರ ಮೇಲೆಯೇ ಕುಳಿತು ಬಣ್ಣ ತುಂಬುವುದನ್ನು ನೋಡುತ್ತ ಬೆಳೆದವನಿಗೆ ಬಟ್ಟೆಯ ಮೇಲಿನ ಅಕ್ಷರ ದೊಡ್ಡ ವಿಷಯವಾಗಿರಲಿಲ್ಲ. ನೌಕರಿಗಾಗಿ ಕೋಲ್ಕತ್ತಕ್ಕೆ ಬಂದು ಲೇಕ್ ಮಾರ್ಕೆಟ್ ಬಳಿ ಬಾಡಿಗೆಗಿದ್ದಾಗ ಮನೆಯ ಮಾಲೀಕರು ಒಂದು ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋದರು. ಅಂದಿನಿಂದ ನಾನು ಮೋಹನ್ ಬಾಗಾನಿನವನಾದೆ. 1911ರ ಜುಲೈ 29ರಂದು ಕ್ಲಬ್ಬು ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದ ಕಥೆಯನ್ನು ನನಗೆ ಆ ಮನೆಯಲ್ಲಿ ಕಡಿಮೆಯೆಂದರೂ ನೂರು ಬಾರಿ ಹೇಳಿದ್ದಾರೆ, ಪ್ರತಿ ಬಾರಿಯೂ ನನಗೆ ಗೊತ್ತೇ ಇಲ್ಲವೆಂಬಂತೆ.

ವಿಲೀನದ ಸುದ್ದಿ ಬಂದದ್ದು 2020ರ ಜನವರಿ 16ರಂದು. ಆರ್‌ಪಿ–ಸಂಜೀವ್ ಗೋಯೆಂಕಾ ಸಮೂಹವು ಕ್ಲಬ್ಬಿನ ಫುಟ್‌ಬಾಲ್ ವಿಭಾಗದಲ್ಲಿ ಶೇಕಡ 80 ಪಾಲು ಪಡೆದು, 2014ರಲ್ಲಿ ಹುಟ್ಟಿದ ತನ್ನ ಎಟಿಕೆ ಎಂಬ ಕೋಲ್ಕತ್ತದ ಫುಟ್‌ಬಾಲ್ ತಂಡದೊಂದಿಗೆ ನಮ್ಮ ತಂಡವನ್ನು ಸೇರಿಸಲಿದೆ ಎಂದರು. ಮೂರು ದಿನ ಕಳೆದು ನಾವು ಡರ್ಬಿಯಲ್ಲಿ ಊರಿನ ಹಳೆಯ ಎದುರಾಳಿ ಈಸ್ಟ್ ಬೆಂಗಾಲನ್ನು 2–1ರಿಂದ ಸೋಲಿಸಿದೆವು. ಮಾರ್ಚ್ 10ರಂದು ಕಲ್ಯಾಣಿಯಲ್ಲಿ ಐಜ್ವಾಲ್ ವಿರುದ್ಧ ಗೆದ್ದು ಐ–ಲೀಗ್ ಕಿರೀಟವನ್ನೂ ಧರಿಸಿದೆವು. ಹೀಗೆ ಗೆದ್ದ ತಂಡಕ್ಕೇ ಜುಲೈ 10ರಂದು ‘ಎಟಿಕೆ ಮೋಹನ್ ಬಾಗಾನ್’ ಎಂಬ ಹೆಸರು ಬಂತು. ಹಸಿರು–ಮೆರೂನ್ ಅಂಗಿ ಉಳಿಯಿತು, ಹಾಯಿದೋಣಿಯೂ ಉಳಿಯಿತು, ಆದರೆ ಆ ಮೂರು ಅಕ್ಷರಗಳು ದೋಣಿಯ ಲಾಂಛನದೊಳಗೇ ಬಂದು ಕುಳಿತವು. 1998ರಲ್ಲಿ ಬೆಂಗಳೂರಿನ ಯುಬಿ ಸಮೂಹದ ಪಾಲುಗಾರಿಕೆಯಲ್ಲಿ ‘ಮೆಕ್‌ಡೊವೆಲ್’ ಎಂದು ಹೆಸರಿನ ಮುಂದೆ ಸೇರಿದಾಗ ಸುಮ್ಮನಿದ್ದವರು ಈಗೇಕೆ ಕೂಗುತ್ತೀರಿ ಎಂದು ನನ್ನನ್ನು ಕೇಳಿದವರಿದ್ದಾರೆ. ಮದ್ಯದ ಹೆಸರು ಪ್ರಾಯೋಜಕರದು, ಇದು ಮೊನ್ನೆಯವರೆಗೆ ಇದೇ ಊರಿನಲ್ಲಿ ನಮ್ಮ ಎದುರಾಳಿಯಾಗಿದ್ದ ಇನ್ನೊಂದು ತಂಡದ್ದು ಎಂಬುದೇ ನನ್ನ ಉತ್ತರ.

ಮೊದಲ ಬ್ಯಾನರ್ ಲಾಕ್‌ಡೌನ್ ಸಡಿಲವಾದ ದಿನಗಳಲ್ಲಿ ಮಾಡಿಸಿದ ಫ್ಲೆಕ್ಸ್. ಸುಮಾರು 900 ರೂಪಾಯಿ ಕೊಟ್ಟು ಹನ್ನೆರಡು ಅಡಿಯದನ್ನು ಮುದ್ರಿಸಿ ಮನೆಯ ತಾರಸಿಯ ಕಟಕಟೆಗೆ ಕಟ್ಟಿದೆವು. ಪಂದ್ಯಗಳೆಲ್ಲ ಗೋವಾದಲ್ಲಿ, ಖಾಲಿ ಕ್ರೀಡಾಂಗಣಗಳಲ್ಲಿ ನಡೆಯುತ್ತಿದ್ದವು. ನಮ್ಮ ಫ್ಲೆಕ್ಸನ್ನು ನೋಡಿದವರು ಎದುರುಮನೆಯವರು ಮತ್ತು ಕಾಗೆಗಳು ಮಾತ್ರ. ಎರಡನೆಯ ವಾರದಲ್ಲಿ ಗಾಳಿಗೆ ಹಗ್ಗ ಕಟ್ಟುವ ಕಣ್ಣುಗಳು ಕಿತ್ತು, ನಡುವೆ ಸೀಳಿ, ಕೊನೆಗೆ ಅದು ನೀರಿನ ಟ್ಯಾಂಕಿನ ಹೊದಿಕೆಯಾಯಿತು. ಆ ಎರಡು ಋತುಗಳ ನಮ್ಮ ಹೋರಾಟವೆಲ್ಲ ಫೋನಿನ ಪರದೆಯ ಮೇಲೆಯೇ ನಡೆಯಿತು, ಅದರಲ್ಲಿ ನನ್ನ ಕೈಚಳಕಕ್ಕೆ ಜಾಗವಿರಲಿಲ್ಲ.

ಗ್ಯಾಲರಿ ಮತ್ತೆ ನಮ್ಮ ಕೈಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್‌ನ ಅರ್ಹತಾ ಪಂದ್ಯಗಳಿಗೆ. ಶ್ರೀಲಂಕಾದ ಬ್ಲೂ ಸ್ಟಾರ್ ವಿರುದ್ಧದ ಆಟಕ್ಕೆಂದು ಬಡಾಬಜಾರಿನಿಂದ ಮಾದರಪಾಟ ಬಟ್ಟೆ ತಂದು ಮೂವತ್ತು ಅಡಿಯ ಬ್ಯಾನರ್ ಬರೆದೆ. ಇಲ್ಲಿ ಎರಡು ತಪ್ಪುಗಳಾದವು. ಅಭಿಮಾನದ ಭರದಲ್ಲಿ ಮೆರೂನ್ ನೆಲದ ಮೇಲೆ ಹಸಿರು ಅಕ್ಷರ ಬರೆದಿದ್ದೆ. ಹಗಲಿನಲ್ಲಿ ಕಣ್ಣಿಗೆ ಹಬ್ಬವಾಗಿದ್ದ ಆ ಜೋಡಿ ಸಂಜೆಯ ಪರೀಕ್ಷೆಯಲ್ಲಿ, ಐವತ್ತು ಹೆಜ್ಜೆ ದೂರ ಹೋದ ಕೂಡಲೇ, ಒಂದೇ ಕಪ್ಪು ಕಂಬಳಿಯಾಗಿ ಕಂಡಿತು. ಎರಡೂ ಬಣ್ಣಗಳ ಗಾಢತೆ ಹೆಚ್ಚುಕಡಿಮೆ ಒಂದೇ ಎಂಬುದನ್ನು ಪರದೆ ಬರೆಯುವವನ ಮಗ ಮರೆಯಬಾರದಿತ್ತು. ರಾತ್ರಿಯೆಲ್ಲ ಕುಳಿತು ಅಕ್ಷರಗಳ ಸುತ್ತ ಬಿಳಿ ಅಂಚು ಕೊಟ್ಟು ಸರಿಪಡಿಸಿದೆವು. ಎರಡನೆಯ ತಪ್ಪಿಗೆ ಮಾತ್ರ ಪರಿಹಾರವಿರಲಿಲ್ಲ: ಮೂವತ್ತು ಅಡಿಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಗೇಟಿಗೆ ಹೋದೆವು. ಅಲ್ಲಿದ್ದವರು ಅದನ್ನು ಬಿಚ್ಚಿ ಓದಿ, ಮಡಚಿ, ತಮ್ಮ ಕುರ್ಚಿಯ ಕೆಳಗೆ ಇಟ್ಟುಕೊಂಡರು. ನಾವು 5–0ರಿಂದ ಗೆದ್ದು ಹೊರಬಂದಾಗ ಕುರ್ಚಿಯೂ ಇರಲಿಲ್ಲ, ಬ್ಯಾನರೂ ಇರಲಿಲ್ಲ. ಬಟ್ಟೆ, ಬಣ್ಣ, ಹೊಲಿಗೆ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೇ ತಿಂಗಳ ಗುಂಪು ಪಂದ್ಯಗಳಿಗೆ ಚಿಕ್ಕದಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಬ್ಯಾನರ್ ಮಾಡಿದೆ. ಹಣ ಉಳಿಸಲು ತಂದೆಯವರ ರೀತಿಯಲ್ಲೇ ಡಿಸ್ಟೆಂಪರಿಗೆ ಸರೇಸು ಬೆರೆಸಿ ಬರೆದಿದ್ದೆ. ನಾಟಕದ ಪರದೆಯನ್ನು ಸುತ್ತುತ್ತಾರೆಯೇ ಹೊರತು ಮಡಚುವುದಿಲ್ಲ ಎಂಬುದು ನನಗೆ ಹೊಳೆದದ್ದು ಗ್ಯಾಲರಿಯಲ್ಲಿ ಅದನ್ನು ಬಿಡಿಸಿ, ಮಡಿಕೆಗಳ ಉದ್ದಕ್ಕೂ ಬಣ್ಣ ಹಪ್ಪಳದಂತೆ ಉದುರಿದಾಗ. ಅದು 21ನೆಯ ತಾರೀಖು, ಬಾಂಗ್ಲಾದೇಶದ ಬಶುಂಧರಾ ಕಿಂಗ್ಸ್ ವಿರುದ್ಧದ ಪಂದ್ಯ. ಸ್ವಲ್ಪ ಹೊತ್ತಿನಲ್ಲೇ ಕಾಲ್‌ಬೈಶಾಖಿ ಬಿರುಗಾಳಿ ಎದ್ದು ಆಟವೇ ನಿಂತಿತು; ಉದುರದೆ ಉಳಿದಿದ್ದ ಬಣ್ಣವೆಲ್ಲ ಮಳೆಯಲ್ಲಿ ಕರಗಿ, ಹಿಡಿದವರ ತೋಳುಗಳ ಮೇಲೆ ಇಳಿಯಿತು. ಆಟ ಮತ್ತೆ ಶುರುವಾಗಿ ನಾವು 4–0ರಿಂದ ಗೆದ್ದಾಗ ನಮ್ಮ ಕೈಯಲ್ಲಿದ್ದದ್ದು ಯಾವ ಪಕ್ಷಕ್ಕೂ ಸೇರದ ಒಂದು ಒದ್ದೆ ಬಟ್ಟೆ.

ಅಕ್ಷರಗಳನ್ನು ಬಿಡಿಬಿಡಿಯಾಗಿ ಒಳಗೊಯ್ಯುವ ಯೋಚನೆ ಅಂದು ಮನೆಗೆ ಮರಳುವ ದಾರಿಯಲ್ಲಿ ಬಂತು. ತಂಡದ ಬಣ್ಣದ ಬಟ್ಟೆಯನ್ನು ಶಲ್ಯದಂತೆ ಹೆಗಲಿಗೆ ಹೊದ್ದುಕೊಂಡು ಬರುವವರು ಪ್ರತಿ ಪಂದ್ಯಕ್ಕೂ ನೂರಾರು ಮಂದಿ ಇರುತ್ತಾರೆ, ಅವರನ್ನು ಯಾರೂ ನಿಲ್ಲಿಸುವುದಿಲ್ಲ. ಹೊರಮೈ ಮೆರೂನ್, ಅಂಚು ಹಸಿರು, ಒಳಮೈಯಲ್ಲಿ ಒಂದೇ ಒಂದು ಅಕ್ಷರ. ‘ರಿಮೂವ್ ಎಟಿಕೆ’ ಎಂಬ ಇಂಗ್ಲಿಷ್ ಘೋಷಣೆಗೆ ಒಂಬತ್ತು ಅಕ್ಷರಗಳು, ಒಂಬತ್ತು ಶಲ್ಯಗಳು. ಒಂದನ್ನು ಕಿತ್ತುಕೊಂಡರೂ ಅದರಲ್ಲಿ ಅವರಿಗೆ ಸಿಗುವುದು ‘ಓ’ ಅಥವಾ ‘ವಿ’ ಮಾತ್ರ. ಇದನ್ನು ಹೇಳಿದಾಗ ನಮ್ಮ ಗುಂಪಿನವರು ನಕ್ಕರು. ಒಂಬತ್ತು ಜನ ಬಂಗಾಳಿಗಳು ಒಂದೇ ಸಮಯಕ್ಕೆ ಒಂದೇ ಸಾಲಿನಲ್ಲಿ ನಿಂತ ಉದಾಹರಣೆ ಚರಿತ್ರೆಯಲ್ಲಿಲ್ಲ ಎಂದು ಹಿರಿಯರೊಬ್ಬರು, ಅವರೂ ಬಂಗಾಳಿಯೇ, ಗಂಭೀರವಾಗಿ ಹೇಳಿದರು.

ಘೋಷಣೆಯನ್ನು ಬಂಗಾಳಿಯಲ್ಲೇ ಬರೆಯಬೇಕೆಂಬ ಒತ್ತಾಯವೂ ಇತ್ತು. ಹಳೆಯ ಬೆಡ್‌ಶೀಟುಗಳ ಮೇಲೆ ಅದನ್ನೂ ಮಾಡಿ ನೋಡಿದೆ. ಬಂಗಾಳಿ ಅಕ್ಷರಗಳ ತಲೆಯ ಮೇಲೆ ಅಡ್ಡಗೆರೆ ಓಡುತ್ತದೆ. ಹಿಡಿದವರಲ್ಲಿ ಒಬ್ಬ ಎತ್ತರ, ಇನ್ನೊಬ್ಬ ಗಿಡ್ಡನಾದರೆ ಆ ಗೆರೆ ಮುರಿದು ಇಡೀ ಪದ ಹಲ್ಲು ಮುರಿದ ಬಾಚಣಿಗೆಯಂತೆ ಕಾಣುತ್ತದೆ. ಕುತೂಹಲಕ್ಕೆ ಕನ್ನಡದಲ್ಲೂ ‘ಮೋಹನ್ ಬಾಗಾನ್’ ಎಂದು ಬರೆದೆ. ಆರೇ ಬಟ್ಟೆಗಳು ಸಾಕಾದವು, ಪ್ರತಿ ಅಕ್ಷರಕ್ಕೂ ತನ್ನದೇ ತಲೆಕಟ್ಟು ಇರುವುದರಿಂದ ಏರುಪೇರಾದರೂ ಓದಲು ತೊಂದರೆಯಿಲ್ಲ. ಬೆಂಗಳೂರಿನ ಗೆಳೆಯರು ಇದನ್ನು ಗಮನಿಸಬೇಕು. ಒತ್ತಕ್ಷರವಿರುವ ಪದಗಳನ್ನು ಮಾತ್ರ ದೂರವಿಡಿ, ಕೆಳಗಿನ ಒತ್ತು ಮುಂದಿನ ಸಾಲಿನವರ ತಲೆಗಳ ಹಿಂದೆ ಮರೆಯಾಗುತ್ತದೆ. ಇಂಗ್ಲಿಷಿನಲ್ಲಿ ಇನ್ನೊಂದು ಅನುಕೂಲ ಕಂಡಿತು: ನಮ್ಮ ಒಂಬತ್ತರಲ್ಲಿ ಎಂ, ಓ, ವಿ, ಎ, ಟಿ ಈ ಐದೂ ಬಟ್ಟೆಯ ಹಿಂದಿನಿಂದ ನೋಡಿದರೂ ಹಾಗೆಯೇ ಕಾಣುತ್ತವೆ, ಆದ್ದರಿಂದ ಬಣ್ಣ ಹಿಂದಕ್ಕೆ ಇಣುಕಿದರೂ ಅವುಗಳ ಹಿಂದಿನ ಸಾಲಿನವರು ಸರಿಯಾಗಿಯೇ ಓದುತ್ತಾರೆ.

ಅಳತೆಯ ವಿಷಯ ನಿಮಗೆ ಗೊತ್ತಿರುವುದೇ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ ಎಂಬ ಹಳೆಯ ಲೆಕ್ಕವನ್ನೇ ಹಿಡಿದೆ. ಎದುರಿನ ಗ್ಯಾಲರಿ ಐನೂರು ಅಡಿಯೆಂದು ಭಾವಿಸಿದರೆ ಐವತ್ತು ಅಂಗುಲ ಬೇಕು, 58 ಅಂಗುಲ ಅಗಲದ ಬಟ್ಟೆ ಅದಕ್ಕೆ ಸರಿಹೋಯಿತು. ಬಣ್ಣ ಬಿಳಿ, ಬೇರೆ ಮಾತೇ ಇಲ್ಲ. ಮಡಚಿದರೂ ಬಿರಿಯದ, ನೆನೆದರೂ ಇಳಿಯದ, ಆದರೆ ಬಟ್ಟೆಯನ್ನು ಹಲಗೆಯಂತೆ ಗಟ್ಟಿ ಮಾಡದ ಬಣ್ಣಕ್ಕಾಗಿ ಆರು ಬಗೆಯ ಬೆರಕೆಗಳನ್ನು ಕರವಸ್ತ್ರಗಳ ಮೇಲೆ ಹಚ್ಚಿ, ಒಗೆದು, ಇಸ್ತ್ರಿ ಮಾಡಿ ನೋಡಿದೆ. ನಾಲ್ಕನೆಯದು ಗೆದ್ದಿತು. ಅದರಲ್ಲಿ ಏನಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಡುಗೆಮನೆಯಲ್ಲಿ ಸಿಗುವ ಒಂದು ವಸ್ತು ಅದರಲ್ಲಿದೆ ಎಂದಷ್ಟೇ ಹೇಳಬಲ್ಲೆ.

ಮೊದಲ ಪ್ರಯೋಗ 2022ರ ಅಕ್ಟೋಬರ್ 10ರಂದು, ಚೆನ್ನೈಯಿನ್ ವಿರುದ್ಧ. ಗೇಟಿನಲ್ಲಿ ಎಲ್ಲವೂ ಸಲೀಸಾಗಿ ನಡೆಯಿತು. ಒಳಗೆ ಹೋದ ಮೇಲೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ‘ಟಿ’ ಹೊತ್ತವನು ತಪ್ಪು ಬ್ಲಾಕಿಗೆ ಹೋಗಿ ಸಿಕ್ಕಿಕೊಂಡ. ‘ಎಂ’ ಹಿಡಿದವನು ಅದನ್ನು ತಲೆಕೆಳಗಾಗಿ ಎತ್ತಿ ‘ಡಬ್ಲ್ಯೂ’ ಮಾಡಿದ. ಅರ್ಥವಿಲ್ಲದ ಎಂಟು ಅಕ್ಷರಗಳನ್ನು ನಾವು ಹೆಮ್ಮೆಯಿಂದ ಎತ್ತಿ ಹಿಡಿದೆವು, ತಂಡವೂ 2–1ರಿಂದ ಸೋತಿತು. ಮರುದಿನ ಈಸ್ಟ್ ಬೆಂಗಾಲಿನ ಸಹೋದ್ಯೋಗಿಯೊಬ್ಬ ನನ್ನ ಮೇಜಿನ ಮೇಲೆ ಮಕ್ಕಳ ಅಕ್ಷರಮಾಲೆಯ ಪುಸ್ತಕವೊಂದನ್ನು ಇಟ್ಟುಹೋಗಿದ್ದ.

ಆಮೇಲೆ ನಾಲ್ಕು ತಿಂಗಳು ಬಟ್ಟೆಯನ್ನು ಮುಟ್ಟದೆ ಜನರನ್ನು ಪಳಗಿಸಿದೆ. ಪ್ರತಿ ಶಲ್ಯಕ್ಕೆ ಒಬ್ಬರಲ್ಲ, ಇಬ್ಬರು. ಅವರು ಬೇರೆ ಬೇರೆ ಗೇಟುಗಳಿಂದ ಬರಬೇಕು, ಅರ್ಧ ಗಂಟೆ ಮೊದಲೇ ಕುಳಿತಿರಬೇಕು. ಸದಾ ತಡವಾಗಿ ಬರುವವನಿಗೆ ‘ಓ’ ಕೊಟ್ಟೆ, ಏಕೆಂದರೆ ಅದನ್ನು ಹೇಗೆ ಹಿಡಿದರೂ ತಪ್ಪಾಗದು. ಉಳಿದವರಿಗೆ ಬಟ್ಟೆಯ ತಲೆ ಯಾವುದು, ತನ್ನ ಎಡಕ್ಕೆ ಯಾರು ಎಂಬುದು ಕತ್ತಲಲ್ಲೂ ಬೆರಳಿಗೆ ತಿಳಿಯುವಂತೆ ಅಂಚಿನಲ್ಲಿ ಒಂದು ವ್ಯವಸ್ಥೆ ಮಾಡಿದೆ. ಅದು ಹೊಲಿಗೆಯ ಗುಟ್ಟು, ಇನ್ನೂ ಉಪಯೋಗಕ್ಕೆ ಬರಬಹುದಾದ್ದರಿಂದ ನನ್ನಲ್ಲೇ ಇರಲಿ. ಬಿಡಿಸುವ ಹೊತ್ತನ್ನು ಮಾತ್ರ ಹೇಳುತ್ತೇನೆ: ಗೋಲಾದಾಗ ಬಿಡಿಸಬೇಡಿ, ಎಲ್ಲರೂ ಕುಣಿಯುತ್ತಿರುತ್ತಾರೆ. ನಿಮ್ಮ ಕಡೆಯ ಮೂಲೆಯಲ್ಲಿ ಕಾರ್ನರ್ ಕಿಕ್ ಸಿಕ್ಕಾಗ ಕ್ಯಾಮೆರಾ ಬಂದೇ ಬರುತ್ತದೆ, ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಈ ಕೊನೆಯ ಸೆಟ್ಟಿಗೆ ಬಟ್ಟೆ 1,900, ಬಣ್ಣ 700, ದರ್ಜಿಗೆ 500 ಎಂದು ಒಟ್ಟು 3,100 ರೂಪಾಯಿಯಷ್ಟಾಗಿರಬೇಕು. ಮೂರು ವರ್ಷದ ಒಟ್ಟು ಖರ್ಚು ಇಪ್ಪತ್ತು ಸಾವಿರ ದಾಟಿತ್ತು, ಅದರಲ್ಲಿ ಚಂದಾ ಬಂದದ್ದು ಆರು ಸಾವಿರ. ಮನೆಯಲ್ಲಿ ನಾನು ಹೇಳಿದ ಅಂಕಿ ಬೇರೆ.

ಮಾರ್ಚ್ 13ರ ಪಂದ್ಯ ಹೈದರಾಬಾದ್ ವಿರುದ್ಧದ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್ಲಿನ ಎರಡನೆಯ ಚರಣ. ಎರಡೂ ಚರಣಗಳು ಗೋಲಿಲ್ಲದೆ ಮುಗಿದು ಪೆನಾಲ್ಟಿಯಲ್ಲಿ ನಾವು 4–3ರಿಂದ ಗೆದ್ದೆವು. ದ್ವಿತೀಯಾರ್ಧದ ಒಂದು ಕಾರ್ನರಿಗೆ ನಾನು ಸಿಳ್ಳೆ ಹಾಕಿದೆ, ಒಂಬತ್ತೂ ಎದ್ದವು. ಟಿವಿಯಲ್ಲಿ ನಾಲ್ಕೈದು ಸೆಕೆಂಡು ಕಂಡಿತೆಂದು ಮನೆಯಲ್ಲಿ ನೋಡುತ್ತಿದ್ದ ಗೆಳೆಯ ಹೇಳಿದ. ಎದುರಿನ ಗ್ಯಾಲರಿ ಅದನ್ನು ಓದಿ ಕೂಗಿದ್ದು ಮಾತ್ರ ನನ್ನ ಕಿವಿಗೇ ಕೇಳಿಸಿತು.

ಐದು ದಿನಗಳ ನಂತರದ ಫೈನಲ್ ಗೋವಾದ ಫತೋರ್ಡಾದಲ್ಲಿ, ಅದೂ ಬೆಂಗಳೂರು ಎಫ್‌ಸಿ ವಿರುದ್ಧ. ಒಂಬತ್ತು ಶಲ್ಯಗಳನ್ನು ಚೀಲಕ್ಕೆ ತುಂಬಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಚಿಕ್ಕಪ್ಪನ ಮಗನೊಂದಿಗೆ ರೈಲಿನಲ್ಲಿ ಮಡಗಾಂವಿಗೆ ಹೋದೆ. ಅವನು ನೀಲಿ ಅಂಗಿ, ನಾನು ಹಸಿರು–ಮೆರೂನ್. ನಮ್ಮ ಕಡೆ ಪೆಟ್ರಾಟೋಸ್ ಎರಡು ಪೆನಾಲ್ಟಿ ಹೊಡೆದರು, ಆ ಕಡೆ ಸುನಿಲ್ ಛೆಟ್ರಿ ಮತ್ತು ಒಂದು ಕಾಲದಲ್ಲಿ ನಮ್ಮವರೇ ಆಗಿದ್ದ ರಾಯ್ ಕೃಷ್ಣ. 2–2 ಆಗಿ ಶೂಟೌಟಿನಲ್ಲಿ ನಾವು 4–3. ಅದಾದ ಮೇಲೆ ಸಂಜೀವ್ ಗೋಯೆಂಕಾ ಅವರು, ಮುಂದಿನ ಋತುವಿನಿಂದ ಎಟಿಕೆ ಇರುವುದಿಲ್ಲ, ತಂಡದ ಹೆಸರು ಮೋಹನ್ ಬಾಗಾನ್ ಸೂಪರ್ ಜೈಂಟ್ಸ್ ಎಂದು ಘೋಷಿಸಿದರು. ಕೊನೆಯ ‘ಸ್’ ಆಮೇಲೆ ಬಿದ್ದುಹೋಗಿ ಜೂನ್ 1ರಿಂದ ಸೂಪರ್ ಜೈಂಟ್ ಆಯಿತು.

ನನ್ನ ಒಂಬತ್ತು ಬಟ್ಟೆಗಳೇ ಇದನ್ನು ಮಾಡಿಸಿದವು ಎನ್ನುವಷ್ಟು ಮರುಳು ನಾನಲ್ಲ. ಮೂರು ವರ್ಷ ಸಾವಿರಾರು ಜನ ಬೀದಿಯಲ್ಲಿ, ಗ್ಯಾಲರಿಯಲ್ಲಿ, ಫೋನಿನಲ್ಲಿ ಅದೇ ಮಾತನ್ನು ಬಿಡದೆ ಹೇಳಿದ್ದರು. 1983ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಯುನೈಟೆಡ್ ಮತ್ತು ರೆಡಿಂಗ್ ತಂಡಗಳನ್ನು ‘ಥೇಮ್ಸ್ ವ್ಯಾಲಿ ರಾಯಲ್ಸ್’ ಎಂದು ಸೇರಿಸಲು ರಾಬರ್ಟ್ ಮ್ಯಾಕ್ಸ್‌ವೆಲ್ ಹೊರಟಾಗ ಅಭಿಮಾನಿಗಳು ಮೈದಾನದಲ್ಲೇ ಕುಳಿತರು, ಕೊನೆಗೆ ವಿಲೀನವೇ ರದ್ದಾಯಿತು. ನಮ್ಮದು ಅಂಥ ಗೆಲುವಲ್ಲ. ಪಾಲುಗಾರಿಕೆ ಹೋಗಲಿಲ್ಲ, ಮೂರು ಅಕ್ಷರಗಳು ಹೋದವು, ಹೊಸ ಬಾಲವೊಂದು ಬಂತು. ಗೋಯೆಂಕಾ ಅವರದೇ ಲಖನೌ ಸೂಪರ್ ಜೈಂಟ್ಸ್ ಕ್ರಿಕೆಟ್ ತಂಡದ ಹೆಸರಿನ ತುಂಡನ್ನು ನಮಗೆ ಹೊಲಿದರೆಂದು ಮುನಿದವರು ನಮ್ಮಲ್ಲಿ ಇಂದಿಗೂ ಇದ್ದಾರೆ.

ಫತೋರ್ಡಾದಲ್ಲಿ ಚೀಲವನ್ನು ಬಿಚ್ಚುವ ಪ್ರಸಂಗವೇ ಬರಲಿಲ್ಲ. ಮರಳುವಾಗ ಕ್ಯಾಸಲ್‌ರಾಕ್ ದಾಟಿದ ಮೇಲೆ ಚಳಿಯಾಗಿ, ಸೋತ ಮುಖ ಹೊತ್ತು ಕುಳಿತಿದ್ದ ಚಿಕ್ಕಪ್ಪನ ಮಗ ಹೊದೆಯಲು ಏನಾದರೂ ಕೊಡು ಎಂದ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಬೆಳಕಿನಲ್ಲಿ ನೋಡಿದರೆ ಅದು ‘ಕೆ’. ಅದು ಇನ್ನೂ ಹುಬ್ಬಳ್ಳಿಯಲ್ಲೇ ಇದೆ. ಬಣ್ಣ ಒಂದೆಡೆಯೂ ಬಿರಿದಿಲ್ಲವಂತೆ.